ಸಂಜೆ ನಾಲ್ಕರ ಮೇಲೆ ನೀರಿಲ್ಲ

ಮೈಸೂರಿನ ಓದುಗರೊಬ್ಬರ ಪತ್ರ ಮೂರು ಪುಟದ್ದು. ತಾಯಿಗೆ 78 ವರ್ಷ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿವೆ. ಹಾಸನ ಜಿಲ್ಲೆಯ ಊರಿನಲ್ಲಿ, ತಮ್ಮದೇ ಹೆಸರಿನ ಮನೆಯಲ್ಲಿ, ಮಗ ಸೊಸೆಯ ಜೊತೆ ಇದ್ದಾರೆ. ಪಿಂಚಣಿಯ ಎಟಿಎಂ ಕಾರ್ಡ್ ಮಗನ ಜೇಬಿನಲ್ಲಿದೆ. ಮುಂದಿನ ತಿಂಗಳು ಮನೆಯನ್ನು ಮಗನಿಗೆ ದಾನಪತ್ರ ಮಾಡಿಸಲು ದಿನ ಗೊತ್ತಾಗಿದೆ. ‘ಅಮ್ಮನಿಗೆ ಮರೆವು, ಏನು ಕೇಳಿದರೂ ಏನೋ ಹೇಳ್ತಾಳೆ’ ಎನ್ನುವುದು ಅಣ್ಣನ ಮಾತು. ‘ಕೊಟ್ಟ ಹೆಣ್ಣು ನೀನು, ತವರಿನ ವಿಷಯಕ್ಕೆ ತಲೆ ಹಾಕಬೇಡ’ ಎನ್ನುವುದು ಸೋದರಮಾವನ ಬುದ್ಧಿವಾದ. ಬಾಯಿ ಬಿಟ್ಟರೆ ಆಸ್ತಿಗಾಗಿ ಬಂದಳು ಅಂತಾರೆ, ಸುಮ್ಮನಿದ್ದರೆ ಮನಸ್ಸು ಕೇಳುವುದಿಲ್ಲ, ಏನು ಮಾಡಲಿ ಎನ್ನುವುದು ನಿಮ್ಮ ಪ್ರಶ್ನೆ.

ಮೂರನೇ ಪುಟದ ನಡುವೆ ನೀವು ಒಂದು ಸಾಲು ಬರೆದಿದ್ದೀರಿ. ‘ರಾತ್ರಿ ಹಾಸಿಗೆ ಒದ್ದೆಯಾಗುತ್ತೆ ಅಂತ ಅತ್ತಿಗೆ ಸಂಜೆ ನಾಲ್ಕರ ಮೇಲೆ ನೀರು ಕೊಡಲ್ಲ, ಅದು ಬಿಡಿ.’

ಅದನ್ನು ಬಿಡಲು ಆಗುವುದಿಲ್ಲ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ತುರ್ತಿನ ವಿಷಯ ಅದೇ. ತಾನಾಗಿ ಎದ್ದು ನೀರು ಕುಡಿಯಲಾರದವರಿಗೆ ಬೆಳಗಿನವರೆಗೆ ನೀರು ಕೊಡದಿರುವುದು ದೌರ್ಜನ್ಯ. ಹೊಡೆತದ ಗುರುತು ಇರುವುದಿಲ್ಲ, ಬೈಗುಳ ಅಕ್ಕಪಕ್ಕದವರಿಗೆ ಕೇಳಿಸುವುದಿಲ್ಲ. ಹಾಗಾಗಿ ಮನೆಯವರೇ ಇದನ್ನು ‘ಅನುಕೂಲ’ ಅಂದುಕೊಂಡುಬಿಡುತ್ತಾರೆ.

ಹದಿನಾಲ್ಕು ಗಂಟೆ ನೀರಿಲ್ಲದ ಮೈಯಲ್ಲಿ ಆಗುವುದು ಇದು. ಮೂತ್ರ ದಟ್ಟವಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ, ಅವಸರ ಇನ್ನೂ ಹೆಚ್ಚುತ್ತದೆ. ಅಂದರೆ ಯಾವುದನ್ನು ತಪ್ಪಿಸಲು ನೀರು ನಿಲ್ಲಿಸಿದರೋ ಅದೇ ಜಾಸ್ತಿಯಾಗುತ್ತದೆ. ಮಲಬದ್ಧತೆ ಬರುತ್ತದೆ, ಮೂತ್ರದ ಸೋಂಕು ಬೇಗ ತಗಲುತ್ತದೆ. ವಯಸ್ಸಾದವರಲ್ಲಿ ಸೋಂಕು ಬಂದಾಗ ಜ್ವರ, ಉರಿ ಕಾಣಿಸದೇ ಇರಬಹುದು. ಮೊದಲು ಕೆಡುವುದು ಮಾತು. ಹಗಲು ರಾತ್ರಿ ಅದಲುಬದಲಾಗುತ್ತದೆ, ಮಗಳನ್ನು ತಂಗಿ ಎಂದು ಕರೆಯುತ್ತಾರೆ, ಸಂಜೆಯಾದರೆ ಗಾಬರಿ. ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುತ್ತಿದ್ದರಂತೂ ರಕ್ತದೊತ್ತಡ ಕುಸಿದು, ಎಬ್ಬಿಸಿ ಕೂರಿಸಿದಾಗಲೇ ತಲೆ ಸುತ್ತಿ ಬೀಳಬಹುದು. ‘ಬೆಳಗ್ಗೆ ಹೊತ್ತು ಅಮ್ಮ ಫೋನಿನಲ್ಲಿ ತೊದಲುತ್ತಾರೆ, ಮಧ್ಯಾಹ್ನ ಸರಿಯಾಗಿ ಮಾತಾಡ್ತಾರೆ’ ಎಂದು ನೀವೇ ಬರೆದಿದ್ದೀರಿ. ನಿಜವಾದ ಮರೆವಿನ ಕಾಯಿಲೆ ಸಾಮಾನ್ಯವಾಗಿ ತಿಂಗಳು, ವರ್ಷಗಳಲ್ಲಿ ನಿಧಾನವಾಗಿ ಬೆಳೆಯುತ್ತದೆ. ಒಂದೇ ದಿನದಲ್ಲಿ ಹೀಗೆ ಏರಿಳಿಯುವ ಗೊಂದಲ ಕಂಡರೆ ಮೊದಲು ನೀರು, ಸೋಂಕು, ಮಾತ್ರೆ ಈ ಮೂರನ್ನು ನೋಡಬೇಕು. ನಿದ್ದೆ ಮಾತ್ರೆ ಕೊಡುತ್ತಿದ್ದಾರಾ, ಯಾರು ಬರೆದದ್ದು ಎನ್ನುವುದನ್ನೂ ನೋಡಿ.

ನಿಮ್ಮ ಅತ್ತಿಗೆಯ ಮೇಲೆ ನೀವು ಒಂದಿಡೀ ಪುಟ ಸಿಟ್ಟು ಮಾಡಿದ್ದೀರಿ. ನನಗೆ ಅಷ್ಟು ಸಿಟ್ಟು ಬರುತ್ತಿಲ್ಲ. ಅವರು ಮಾಡುತ್ತಿರುವುದು ತಪ್ಪು, ನಿಲ್ಲಲೇಬೇಕು. ಆದರೆ ಎರಡು ವರ್ಷದಿಂದ ದಿನಾ ಬೆಳಗ್ಗೆ ಒದ್ದೆ ಹಾಸಿಗೆ ಒಗೆಯುತ್ತಿರುವವರು ಆ ಮನೆಯಲ್ಲಿ ಅವರೊಬ್ಬರೇ. ನಿಮ್ಮ ಅಣ್ಣ ಮುಟ್ಟುವುದು ಎಟಿಎಂ ಕಾರ್ಡನ್ನು ಮಾತ್ರ. ಆ ಪಿಂಚಣಿಯಲ್ಲಿ ಒಂದು ರಬ್ಬರ್ ಶೀಟ್, ದೊಡ್ಡವರ ಡೈಪರ್, ಹಾಸಿಗೆ ಪಕ್ಕ ಇಡುವ ಕಮೋಡ್ ಕುರ್ಚಿ ಬರುತ್ತಿರಲಿಲ್ಲವೇ? ನೀವು ವರ್ಷಕ್ಕೆ ಎರಡು ಸಲ, ಗೌರಿ ಹಬ್ಬಕ್ಕೂ ಯುಗಾದಿಗೂ, ಮಕ್ಕಳು ಗಂಡನ ಜೊತೆ ಹೋಗಿ ಸಂಜೆ ಬಸ್ಸಿಗೆ ವಾಪಸಾಗುತ್ತೀರಿ. ಹಬ್ಬದ ದಿನ ಯಾವ ಮನೆಯ ಅಜ್ಜಿಯೂ ಚೆನ್ನಾಗಿಯೇ ಕಾಣುತ್ತಾರೆ.

ನಿಮ್ಮ ಸೋದರಮಾವನನ್ನು ಮಾತ್ರ ನಾನು ಕ್ಷಮಿಸಲಾರೆ. ಅಕ್ಕನ ಹಾಸಿಗೆ ಹತ್ತಿರ ಕೂತು ಒಂದು ಲೋಟ ನೀರು ಕುಡಿಸದವರು ಮನೆ ಮರ್ಯಾದೆಯ ಕಾವಲಿಗೆ ನಿಂತಿದ್ದಾರೆ. ಅವರ ‘ಕೊಟ್ಟ ಹೆಣ್ಣು’ ಮಾತಿಗೆ ಕಾನೂನಿನಲ್ಲಿ ಜಾಗವಿಲ್ಲ. ತಂದೆ ತಾಯಿ ಮತ್ತು ಹಿರಿಯ ನಾಗರಿಕರ 2007ರ ಪಾಲನೆ ಪೋಷಣೆ ಕಾಯ್ದೆಯಲ್ಲಿ ಮಕ್ಕಳು ಎಂದರೆ ಮಗನೂ ಹೌದು, ಮಗಳೂ ಹೌದು. ಮದುವೆಯಾಗಿದೆ ಎಂಬ ರಿಯಾಯಿತಿ ನಿಮಗಿಲ್ಲ. ಹೊಣೆ ಇದ್ದ ಮೇಲೆ ಕೇಳುವ ಹಕ್ಕೂ ಇದೆ.

ಈಗ ಮಾಡಬೇಕಾದ್ದು ಒಂದೇ ಕೆಲಸ. ಈ ವಾರವೇ, ಹಬ್ಬವಿಲ್ಲದ ದಿನ ನೋಡಿ, ಒಬ್ಬರೇ ಹೋಗಿ. ಅತ್ತಿಗೆಗೆ ‘ನೀವು ಮೂರು ದಿನ ತವರಿಗೆ ಹೋಗಿ ಬನ್ನಿ ಅತ್ತಿಗೆ, ಅಮ್ಮನನ್ನು ನಾನು ನೋಡ್ಕೋತೀನಿ’ ಅನ್ನಿ. ಮೂರು ರಾತ್ರಿ ತಾಯಿಯ ಕೋಣೆಯಲ್ಲೇ ಮಲಗಿ. ಹೋಗುವ ಮೊದಲು ಅಣ್ಣನಿಗೆ ಫೋನ್ ಮಾಡಿ ಜಗಳ ತೆಗೆಯಬೇಡಿ. ಜಗಳವಾದರೆ ಬಾಗಿಲು ಮುಚ್ಚುತ್ತದೆ, ಫೋನ್ ಕೈಗೆ ಸಿಗುವುದಿಲ್ಲ, ಸಿಟ್ಟು ತಾಯಿಯ ಮೇಲೆ ತಿರುಗುತ್ತದೆ.

ಆ ಮೂರು ದಿನ ದಿನಕ್ಕೆ ಒಂದೂವರೆ ಲೀಟರ್, ಅಂದರೆ ಏಳೆಂಟು ಲೋಟ ದ್ರವ ಹೋಗಲಿ: ನೀರು, ಮಜ್ಜಿಗೆ, ಗಂಜಿ, ಸಾರು ಯಾವುದಾದರೂ ಸರಿ. ಹೃದಯ, ಮೂತ್ರಪಿಂಡದ ತೊಂದರೆ ಇದ್ದು ವೈದ್ಯರು ಅಳತೆ ಹೇಳಿದ್ದರೆ ಅದೇ ಅಳತೆ. ಹೆಚ್ಚಿನ ಪಾಲು ಸಂಜೆ ಆರರೊಳಗೆ ಮುಗಿಯಲಿ, ಆಮೇಲೆ ಬಾಯಾರಿದಾಗೆಲ್ಲ ಗುಟುಕು ಗುಟುಕಾಗಿ ಕೊಡಿ. ನೆಟ್ಟಗೆ ಕೂರಿಸಿಯೇ ಕುಡಿಸಬೇಕು. ಲಕ್ವ ಆದವರಿಗೆ ನುಂಗುವ ಶಕ್ತಿ ಕುಂದಿರಬಹುದು, ಮಲಗಿಸಿ ಕುಡಿಸಿದರೆ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಕುಡಿದಾಗಲೆಲ್ಲ ಕೆಮ್ಮು ಬಂದರೆ ವೈದ್ಯರಿಗೆ ತೋರಿಸಿ. ಹಗಲು ಎರಡು ಮೂರು ಗಂಟೆಗೊಮ್ಮೆ, ಮಲಗುವ ಮುಂಚೆ, ನಡುರಾತ್ರಿ ಒಂದು ಸಲ ಮೂತ್ರಕ್ಕೆ ಕೂರಿಸಿದರೆ ಒದ್ದೆಯಾಗುವುದು ಬಹಳ ಕಡಿಮೆಯಾಗುತ್ತದೆ.

ಸ್ನಾನ ನೀವೇ ಮಾಡಿಸಿ. ಸೊಂಟದ ಕೆಳಗಿನ ಮೂಳೆ, ಪೃಷ್ಠದ ಪಕ್ಕ, ಹಿಮ್ಮಡಿ ನೋಡಿ. ಅಲ್ಲಿನ ಕೆಂಪನ್ನು ಬೆರಳಲ್ಲಿ ಒತ್ತಿದಾಗ ಬೆಳ್ಳಗಾಗದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ ಎಂದರ್ಥ. ಮೈಬಣ್ಣ ಕಪ್ಪಾಗಿದ್ದರೆ ಕೆಂಪು ಕಾಣುವುದಿಲ್ಲ, ಆ ಜಾಗ ಬಿಸಿಯಾಗಿ ಗಟ್ಟಿಯಾಗಿರುತ್ತದೆ. ತೋಳಿನ ಒಳಬದಿಯಲ್ಲಿ, ಮಣಿಕಟ್ಟಿನ ಸುತ್ತ ಬೆರಳ ಅಚ್ಚಿನಂಥ ಕಂದಿದ ಗುರುತು ಇದ್ದರೆ ಯಾರೋ ಹಿಡಿದು ಎಳೆದಿರಬಹುದು. ಕಂಡದ್ದರ ಫೋಟೊ ತೆಗೆದು ತಾರೀಕು ಬರೆದಿಡಿ.

ಕೇಳುವಾಗ ‘ಅಣ್ಣ ಹೊಡೀತಾನಾ?’ ಅಂತ ಶುರು ಮಾಡಬೇಡಿ, ಯಾವ ತಾಯಿಯೂ ಹೌದು ಅನ್ನುವುದಿಲ್ಲ. ‘ರಾತ್ರಿ ಬಾಯಾರಿದರೆ ಏನು ಮಾಡ್ತೀಯಮ್ಮ?’ ಅನ್ನಿ. ‘ದುಡ್ಡು ಬೇಕಾದರೆ ಯಾರನ್ನ ಕೇಳ್ತೀಯ?’ ಅನ್ನಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾತ್ರ ಇಡಬೇಡಿ.

ಮೂರನೇ ದಿನಕ್ಕೆ ಮಾತು ತಿಳಿಯಾಗತೊಡಗಿದರೆ ಉತ್ತರ ನಿಮ್ಮ ಕಣ್ಣೆದುರಿಗೇ ಇದೆ. ಆಗದಿದ್ದರೂ ಮೂತ್ರ, ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆಗಳ ಪಟ್ಟಿ ಹಿಡಿದು ವೈದ್ಯರ ಹತ್ತಿರ ಹೋಗಿ. ಎಬ್ಬಿಸಿದರೂ ಏಳದಷ್ಟು ಮಂಪರು ಇದ್ದರೆ, ಎಂಟು ಗಂಟೆ ಕಾಲ ಮೂತ್ರವೇ ಹೋಗದಿದ್ದರೆ ಕಾಯದೆ 108ಕ್ಕೆ ಕರೆ ಮಾಡಿ.

ದಾನಪತ್ರದ ವಿಷಯ ಇಷ್ಟೇ. ತಾಯಿಗೆ ಮರೆವು ಎನ್ನುವ ಅಣ್ಣ ಅದೇ ತಾಯಿಯ ಹೆಬ್ಬೆಟ್ಟು ಒತ್ತಿಸಲು ಹೊರಟಿದ್ದಾರೆ. ತಿಳಿವಳಿಕೆ ಇಲ್ಲದವರ ದಾನ ನಿಲ್ಲುವುದಿಲ್ಲ. ತಿಳಿವಳಿಕೆ ಇದ್ದರೆ ಕೊಡುವುದೂ ಬಿಡುವುದೂ ಅವರಿಷ್ಟ, ನಿಮ್ಮದೂ ಅಲ್ಲ. ಕೊಡುವುದೇ ಆದರೆ ‘ಜೀವಮಾನವಿಡೀ ನೋಡಿಕೊಳ್ಳಬೇಕು’ ಎಂಬ ಷರತ್ತು ಪತ್ರದಲ್ಲಿ ಬರೆದಿರಲಿ. ಆ 2007ರ ಕಾಯ್ದೆಯ 23ನೇ ಕಲಮಿನಂತೆ ದಾನ ರದ್ದಾಗಲು ಆ ಷರತ್ತು ಇರಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. 2025ರ ಜನವರಿಯಲ್ಲಿ, ನೋಡಿಕೊಳ್ಳುವ ಮಾತು ಕೊಟ್ಟು ತಪ್ಪಿದ ಮಗನಿಗೆ ತಾಯಿ ಬರೆದುಕೊಟ್ಟಿದ್ದ ದಾನವನ್ನು ಅದೇ ಕೋರ್ಟ್ ರದ್ದು ಮಾಡಿತು. ತಾಯಿಗೆ ಒಪ್ಪಿಗೆ ಇದ್ದರೆ ಉಯಿಲು ಬರೆಯುವುದು ಇನ್ನೂ ಕ್ಷೇಮ, ಅದು ಅವರ ಕಾಲಾನಂತರವೇ ಜಾರಿಗೆ ಬರುತ್ತದೆ.

ನೀವು ವಾಪಸಾದ ಮೇಲೂ ನೀರು ನಿಂತರೆ 14567ಕ್ಕೆ ಕರೆ ಮಾಡಿ. ಅದು ಹಿರಿಯರ ಸಹಾಯವಾಣಿ, ಕರೆಗೆ ದುಡ್ಡಿಲ್ಲ. ಅದಕ್ಕೂ ಬಗ್ಗದಿದ್ದರೆ ಎ.ಸಿ. ಕಚೇರಿಗೆ ಅರ್ಜಿ ಕೊಡಬಹುದು, ಎ.ಸಿ. ಅಂದರೆ ಉಪವಿಭಾಗಾಧಿಕಾರಿಯೇ ಆ ಕಾಯ್ದೆಯ ನ್ಯಾಯಮಂಡಳಿಯ ಮುಖ್ಯಸ್ಥರು. ತಾಯಿಗೆ ಆಗದಿದ್ದರೆ ಅವರ ಒಪ್ಪಿಗೆ ಪಡೆದು ನೀವೇ ಕೊಡಿ. ಆದರೆ ಇದೆಲ್ಲ ಆಮೇಲಿನ ಮಾತು. ಮೊದಲು ಮೂರು ರಾತ್ರಿ.

ಹೊರಡುವಾಗ ಹಿಡಿ ಇರುವ, ಮುಚ್ಚಳದ ಹಗುರ ಲೋಟವೊಂದನ್ನು ಚೀಲದಲ್ಲಿ ಹಾಕಿಕೊಳ್ಳಿ. ನೀರಿನ ಚೊಂಬು ಕಿಟಕಿಯ ಮೇಲೆ, ತಾಯಿಯ ಬಲಕ್ಕೆ ಇರುತ್ತದೆ ಎಂದು ಬರೆದಿದ್ದೀರಿ. ಅವರ ಬಲಗೈ ಏಳುವುದಿಲ್ಲ. ಲೋಟವನ್ನು ಎಡಗಡೆ, ಕೈ ಚಾಚಿದರೆ ಸಿಗುವ ಹಾಗೆ ಇಟ್ಟು ಬನ್ನಿ.