ಕಾಫಿ ಚೆಲ್ಲಿದ ಮೇಲೆ ಕೀಬೋರ್ಡಿನ ಶಿಫ್ಟ್ ಮತ್ತು ಎಫ್ ಕೀ ಅಂಟಿಕೊಳ್ಳುತ್ತಿವೆ. ಸ್ಪಿರಿಟ್ ಹಾಕಿ ಒರೆಸಿದರೂ ಎರಡು ದಿನಕ್ಕೆ ಮತ್ತೆ ಅದೇ ಕಥೆ. ನಾನು ಟೈಪ್ ಮಾಡುವುದು ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ. ಏನು ಮಾಡಲಿ?

ಸ್ಪಿರಿಟ್ ಹಾಕಿದಿರಿ, ಎರಡು ದಿನ ಸರಿಯಿತ್ತು, ಮತ್ತೆ ಅಂಟಿಕೊಂಡಿತು. ಉತ್ತರ ಅಲ್ಲೇ ಇದೆ. ಕಾಫಿಯಲ್ಲಿ ಅಂಟುವುದು ಕಾಫಿಯಲ್ಲ, ಸಕ್ಕರೆ. ಸಕ್ಕರೆ ಸ್ಪಿರಿಟ್‌ನಲ್ಲಿ ಸರಿಯಾಗಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ.

ಇದು ನನಗೂ ತಡವಾಗಿಯೇ ಹೊಳೆದದ್ದು. ಸಾಗರದ ಕಡೆ ನನ್ನದೊಂದು ಸಣ್ಣ ಝೆರಾಕ್ಸ್, ಡಿಟಿಪಿ ಅಂಗಡಿ. ಅರ್ಜಿ, ಕರಾರು ಪತ್ರ, ಮದುವೆ ಕರೆಯೋಲೆ, ಎಲ್ಲವೂ ಒಂದೇ ಕೀಬೋರ್ಡಿನಲ್ಲಿ. ಒಂದು ಮಳೆಗಾಲ ನನ್ನ ಮೊಣಕೈ ತಾಗಿಯೇ ಅರ್ಧ ಲೋಟ ಕಾಫಿ ಮಗುಚಿತು. ಒರೆಸಿ ಬಿಸಿಲಿಗಿಡೋಣ ಎಂದರೆ ಬಿಸಿಲೆಲ್ಲಿ? ಮರುದಿನ ಕೀ ಒತ್ತಿದರೆ ಜೋನಿ ಬೆಲ್ಲದಲ್ಲಿ ಬೆರಳಿಟ್ಟ ಹಾಗೆ, ಕೆಳಗೆ ಹೋದದ್ದು ಮೇಲೆ ಬರಲು ಯೋಚನೆ ಮಾಡುತ್ತಿತ್ತು. ನಾನೂ ನಿಮ್ಮ ಹಾಗೆ ಸ್ಪಿರಿಟ್ ಸುರಿದೆ. ಸಡಿಲವಾಯಿತು, ಮತ್ತೆ ಬಿಗಿಯಾಯಿತು, ಮತ್ತೆ ಸುರಿದೆ. ಮೂರನೇ ಸಲ ನನ್ನ ಹೆಂಡತಿ ನೋಡಿ, ‘ಪಾಕದ ಪಾತ್ರೆನೂ ಸ್ಪಿರಿಟ್ ಹಾಕೇ ತೊಳೀತೀರಾ?’ ಎಂದು ಕೇಳಿದಳು. ಅಷ್ಟೇ. ಅನುಮಾನವಿದ್ದರೆ ಒಂದು ಚಮಚ ಸ್ಪಿರಿಟ್‌ಗೆ ನಾಲ್ಕು ಕಾಳು ಸಕ್ಕರೆ ಹಾಕಿ ನೋಡಿ, ಬೇಗ ಕರಗದೆ ತಳದಲ್ಲೇ ಕೂತಿರುತ್ತದೆ.

ಬಿಚ್ಚುವ ಮೊದಲು ಒಂದು ಸಣ್ಣ ಪರೀಕ್ಷೆ. ಕೀ ನಿಜವಾಗಿಯೂ ಕೆಳಗೇ ಉಳಿಯುತ್ತಿದೆಯಾ, ಅಥವಾ ಮೇಲೆ ಬಂದರೂ ಒತ್ತಿದ ಹಾಗೇ ವರ್ತಿಸುತ್ತಿದೆಯಾ? ವಿಂಡೋಸ್ ಆದರೆ ಶಿಫ್ಟನ್ನು ಸತತವಾಗಿ 5 ಸಲ ಒತ್ತಿದಾಗ ‘ಸ್ಟಿಕಿ ಕೀಸ್’ ಬೇಕಾ ಎಂದು ಕೇಳುತ್ತದೆ. ಎರಡು ಕೀ ಒಟ್ಟಿಗೆ ಹಿಡಿಯಲಾಗದವರಿಗಾಗಿ ಮಾಡಿದ ಸೌಲಭ್ಯ ಅದು. ಅಂಟಿದ ಶಿಫ್ಟನ್ನು ಸಿಟ್ಟಿನಲ್ಲಿ ಕುಟ್ಟುತ್ತಾ ಗೊತ್ತಿಲ್ಲದೆ ಅದನ್ನು ಚಾಲೂ ಮಾಡಿಕೊಂಡವರು ನನ್ನ ಅಂಗಡಿಗೇ ಬಂದಿದ್ದಾರೆ. ಬಲಗಡೆ ಶಿಫ್ಟನ್ನು 8 ಸೆಕೆಂಡ್ ಒತ್ತಿ ಹಿಡಿದರೆ ‘ಫಿಲ್ಟರ್ ಕೀಸ್’ ಎಂಬ ಇನ್ನೊಂದು ಏಳುತ್ತದೆ. ಆಗ ಬೇಗ ಬೇಗ ಒತ್ತಿದ ಅಕ್ಷರಗಳು ಬೀಳುವುದೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿಗೆ ಹೋಗಿ ಎರಡೂ ಆಫ್ ಇವೆಯಾ ನೋಡಿಕೊಳ್ಳಿ. ಆಮೇಲೆ ಅಲ್ಲೇ ಇರುವ ಆನ್‌ಸ್ಕ್ರೀನ್ ಕೀಬೋರ್ಡ್ ತೆರೆದು ಕೀಗಳನ್ನು ಒತ್ತಿ. ಯಾವುದು ಒತ್ತಿಕೊಂಡೇ ಇದೆ ಎಂದು ಪರದೆಯ ಮೇಲೆ ಕಾಣುತ್ತದೆ. ತುರ್ತು ಕೆಲಸವಿದ್ದರೆ ಅದರಲ್ಲೇ ಮೌಸ್‌ನಿಂದ ಟೈಪ್ ಮಾಡಲೂಬಹುದು, ತಾಳ್ಮೆ ಇದ್ದರೆ.

ನೀವು ನುಡಿಯಲ್ಲಿ ಟೈಪ್ ಮಾಡುವವರು ಎಂದು ಬರೆದಿದ್ದೀರಿ. ಹಾಗಾದರೆ ನಿಮಗೆ ಕೈಕೊಟ್ಟಿರುವುದು ಇರುವುದರಲ್ಲೇ ಬಹಳ ಬೇಕಾದ ಎರಡು ಕೀಗಳು. ನುಡಿ ಬಳಸುವ, ಕೆ. ಪಿ. ರಾವ್ ಅವರ ಕನ್ನಡ ಕೀಬೋರ್ಡ್ ವಿನ್ಯಾಸದಲ್ಲಿ ಒತ್ತಕ್ಷರ ಬರುವುದೇ ಎಫ್‌ನಿಂದ. ಅದು ಏಳದಿದ್ದರೆ ‘ಅಕ್ಕ’ ಹೋಗಿ ‘ಅಕಕ’ ಆಗುತ್ತಾಳೆ. ಶಿಫ್ಟ್ ಕೆಳಗೇ ಉಳಿದರೆ ‘ಕಮಲ’ ಹೋಗಿ ‘ಖಂಳ’! ಕರೆಯೋಲೆಯಲ್ಲಿ ಮದುಮಗಳ ಹೆಸರು ಹೀಗೆ ಅಚ್ಚಾದರೆ ಗತಿ ಏನು ಹೇಳಿ. ಇಂಗ್ಲಿಷ್ ಮಾತ್ರ ಟೈಪ್ ಮಾಡುವವರಿಗೆ ಎಫ್ ಕೈಕೊಟ್ಟರೂ ಹೇಗೋ ನಡೆಯುತ್ತದೆ, ನಮಗೆ ಒಂದು ಸಾಲೂ ಮುಂದೆ ಹೋಗುವುದಿಲ್ಲ.

ಈಗ ತೊಳೆಯುವ ಕೆಲಸ. ಕಂಪ್ಯೂಟರಿನಿಂದ ಕೀಬೋರ್ಡಿನ ವೈರ್ ಕಿತ್ತಿಡಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಎಲ್ಲಾ ಕೀಗಳ ಜಾಗ ಬಾಯಿಪಾಠ ಇದೆ ಎನ್ನುವ ಧೈರ್ಯ ಬೇಡ, ಬಲಗಡೆಯ ಚುಕ್ಕಿ, ಗೀಟುಗಳು ಬಂದಾಗ ಕೈ ನಿಂತುಬಿಡುತ್ತದೆ. ಚಪ್ಪಟೆ ಸ್ಕ್ರೂಡ್ರೈವರಿನ ತುದಿಗೆ ಬಟ್ಟೆ ಸುತ್ತಿ, ಕೀ ಅಂಚಿಗೆ ಕೊಟ್ಟು ಮೆಲ್ಲಗೆ ಎತ್ತಿ. ಎಫ್ ಟಕ್ಕೆಂದು ಬರುತ್ತದೆ. ಶಿಫ್ಟ್ ಹಾಗಲ್ಲ. ಉದ್ದ ಕೀಗಳ ಅಡಿಯಲ್ಲಿ, ಅಂದರೆ ಸ್ಪೇಸ್, ಎಂಟರ್, ಕೆಲವದರಲ್ಲಿ ಶಿಫ್ಟ್‌ಗೂ, ಒಂದು ಬಾಗಿದ ಕಬ್ಬಿಣದ ತಂತಿ ಇರುತ್ತದೆ. ಯಾವ ಮೂಲೆ ಒತ್ತಿದರೂ ಇಡೀ ಕೀ ಸಮನಾಗಿ ಇಳಿಯಲಿ ಎಂದು ಇಟ್ಟದ್ದು. ಎಳೆದರೆ ಅದರ ಕೊಕ್ಕೆ ಮುರಿಯುತ್ತದೆ. ಸ್ವಲ್ಪ ಎತ್ತಿ, ತಂತಿ ಎಲ್ಲಿ ಸಿಕ್ಕಿದೆ ಎಂದು ಇಣುಕಿ ನೋಡಿ, ಪಕ್ಕಕ್ಕೆ ಜಾರಿಸಿ ಬಿಡಿಸಿ. ನಾನು ಮೊದಲ ಸಲ ಸ್ಪೇಸ್ ಬಾರ್ ಕಿತ್ತಾಗ ವಾಪಸ್ ಕೂರಿಸಲು ಅರ್ಧ ಗಂಟೆ ಹಿಡಿಯಿತು.

ಕಿತ್ತ ಕೀಗಳನ್ನು ಉಗುರುಬೆಚ್ಚಗಿನ ಸೋಪ್ ನೀರಿನಲ್ಲಿ ನೆನೆಸಿ, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಅಡಿಭಾಗ ಉಜ್ಜಿ. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಟೀ ಸೋಸುವ ಜರಡಿಯಲ್ಲಿ ಹಾಕಿ ತೊಳೆದರೆ ಬಚ್ಚಲ ತೂತಿನಲ್ಲಿ ಹೋಗುವ ಭಯವಿಲ್ಲ.

ಆದರೆ ಅಂಟು ಜಾಸ್ತಿ ಕೂತಿರುವುದು ಕೀಯಲ್ಲಿ ಅಲ್ಲ, ಕೀ ಇಳಿದು ಏರುವ ಗೂಡಿನ ಗೋಡೆಯಲ್ಲಿ. ಇಯರ್ ಬಡ್ ನೀರಿನಲ್ಲಿ ಅದ್ದಿ, ಹಿಂಡಿ, ಆ ಗೋಡೆಗೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಪಾಕ ಇಳಿಯಲು ಸಮಯ ಬೇಕು. ಆಮೇಲೆ ಸುತ್ತ ತಿರುಗಿಸಿ ಒರೆಸಿ. ಬಡ್ ಕಂದು ಬಣ್ಣಕ್ಕೆ ತಿರುಗುತ್ತದೆ, ಬಿಳಿಯಾಗಿ ಬರುವ ತನಕ ಹೊಸ ಹೊಸ ಬಡ್ ಹಿಡಿಯಿರಿ. ಸ್ಪಿರಿಟ್‌ನ ಸರದಿ ಇದರ ನಂತರ. ಉಳಿದ ತೇವ ಬೇಗ ಆರಲಿ, ಹಾಲಿನ ಜಿಡ್ಡು, ಬೆರಳಿನ ಎಣ್ಣೆ ಹೋಗಲಿ ಎಂದು ಅದರಲ್ಲಿ ಒಮ್ಮೆ ಒರೆಸಿ. ಮೊಬೈಲ್ ರಿಪೇರಿಯವರು ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಎನ್ನುವ ದ್ರವ ಇಟ್ಟಿರುತ್ತಾರೆ, ಅದು ಸಿಕ್ಕರೆ ಒಳ್ಳೆಯದು. ಕೀ ಮೇಲಿನ ಅಕ್ಷರಗಳ ಮೇಲೆ ಅದನ್ನು ಉಜ್ಜಬೇಡಿ, ಅಗ್ಗದ ಕೀಬೋರ್ಡಾದರೆ ಅಚ್ಚು ಅಳಿಸಿಹೋಗುತ್ತದೆ. ಹತ್ತಿರ ಊದುಬತ್ತಿ ಹಚ್ಚಿಟ್ಟಿದ್ದರೆ ಮೊದಲು ಆರಿಸಿ, ಇದು ಬೇಗ ಬೆಂಕಿ ಹಿಡಿಯುತ್ತದೆ.

ಸ್ಪಿರಿಟ್ ಇಲ್ಲವೆಂದು ಕೈಗೆ ಹಚ್ಚುವ ಸ್ಯಾನಿಟೈಸರ್ ಹಾಕುವವರಿದ್ದಾರೆ. ಅದರಲ್ಲಿ ಚರ್ಮ ಒಣಗದಿರಲಿ ಎಂದು ಗ್ಲಿಸರಿನ್‌ನಂಥದ್ದು ಸೇರಿಸಿರುತ್ತಾರೆ, ಅದೇ ಹೊಸ ಅಂಟು. ಹೊಲಿಗೆ ಯಂತ್ರದ ಎಣ್ಣೆಯೂ ಬೇಡ. ಒಂದು ವಾರ ನುಣ್ಣಗೆ ಓಡುತ್ತದೆ, ಆಮೇಲೆ ಧೂಳೆಲ್ಲ ಅದಕ್ಕೇ ಮೆತ್ತಿಕೊಳ್ಳುತ್ತದೆ.

ಒಂದು ದಿನ ಪೂರ್ತಿ ಫ್ಯಾನಿನ ಕೆಳಗೆ ಆರಲು ಬಿಡಿ. ಇಷ್ಟಾದರೂ ಕೀ ಮೇಲೆ ಬಂದ ಮೇಲೂ ಅಕ್ಷರ ಒಂದೇ ಸಮನೆ ಬೀಳುತ್ತಿದ್ದರೆ ಕಾಫಿ ಒಳಗಿನ ಹಾಳೆಗಳಿಗೆ ಇಳಿದಿದೆ ಎಂದರ್ಥ. ಸಾಮಾನ್ಯ ಕೀಬೋರ್ಡಿನೊಳಗೆ ರಬ್ಬರ್ ಗುಬ್ಬಿಗಳ ಪದರ, ಅದರ ಕೆಳಗೆ ಮೂರು ತೆಳು ಪ್ಲಾಸ್ಟಿಕ್ ಹಾಳೆ ಇರುತ್ತವೆ. ಮೇಲಿನದು, ಕೆಳಗಿನದು ಎರಡರಲ್ಲೂ ವಿದ್ಯುತ್ ಹರಿಯುವ ಗೆರೆಗಳು. ನಡುವಿನದು ತೂತಿನ ಹಾಳೆ. ಆ ತೂತಿನಲ್ಲಿ ಮೇಲಿನದೂ ಕೆಳಗಿನದೂ ಮುಟ್ಟಿದರೆ ಅಕ್ಷರ ಬಂತು. ಪಾಕ ಅವೆರಡನ್ನು ಅಂಟಿಸಿಬಿಟ್ಟರೆ ಕೀ ಬಿಟ್ಟರೂ ಹಾಳೆ ಬಿಡುವುದಿಲ್ಲ. ಹಿಂದಿನ ಸ್ಕ್ರೂಗಳನ್ನೆಲ್ಲ ಬಿಚ್ಚಿದರೂ ತೆರೆಯದಿದ್ದರೆ ಲೇಬಲ್ ಅಡಿ ಒಂದು ಅಡಗಿರಬಹುದು, ಬೆರಳಾಡಿಸಿ ನೋಡಿ. ಹಾಳೆಗಳನ್ನು ಒದ್ದೆ ಬಟ್ಟೆಯಲ್ಲಿ ಒತ್ತಿ ಒತ್ತಿ ಒರೆಸಿ, ಗೆರೆಗಳನ್ನು ತಿಕ್ಕಬೇಡಿ. ಒಮ್ಮೆ ನಾನು ತೆರೆದಾಗ ಒಳಗೆ ಇರುವೆ ಸಾಲೇ ಇತ್ತು. ನನಗಿಂತ ಮೊದಲು ಅವು ಸಕ್ಕರೆ ಪತ್ತೆ ಮಾಡಿದ್ದವು.

ಕನ್ನಡ ಅಕ್ಷರದ ಸ್ಟಿಕ್ಕರ್ ಅಂಟಿಸಿದ್ದೀರಾ? ಅದನ್ನೂ ನೋಡಿ. ಬೇಸಿಗೆಯಲ್ಲಿ ಅದರ ಗೋಂದು ಅಂಚಿನಿಂದ ಹೊರಬಂದು ಪಕ್ಕದ ಕೀಗೆ ಹಿಡಿದುಕೊಳ್ಳುತ್ತದೆ. ಇದು ಸಕ್ಕರೆಯಲ್ಲ, ಹಾಗಾಗಿ ನೀರಿಗೆ ಜಗ್ಗುವುದಿಲ್ಲ. ಕೀ ಕಿತ್ತು ಹೊರಗಿಟ್ಟು, ತೆಂಗಿನೆಣ್ಣೆ ಸವರಿ, ಹತ್ತು ನಿಮಿಷ ಬಿಟ್ಟು ಒರೆಸಿ ಸೋಪಿನಲ್ಲಿ ತೊಳೆಯಿರಿ.

ಮೇಲೆ ಹೇಳಿದ್ದೆಲ್ಲ ವೈರ್ ಇರುವ ಸಾಮಾನ್ಯ ಕೀಬೋರ್ಡಿಗೆ. ಇದನ್ನು ಓದಿ ಯಾರಾದರೂ ಲ್ಯಾಪ್‌ಟಾಪಿನ ಕೀ ಕೀಳಲು ಹೋದೀರಿ! ಅದರ ಕೀ ಅಡಿಯಲ್ಲಿ ಕತ್ತರಿಯ ಹಾಗೆ ಹೆಣೆದ ಎರಡು ಸಣ್ಣ ಪ್ಲಾಸ್ಟಿಕ್ ತುಂಡುಗಳಿರುತ್ತವೆ, ಉಗುರಿನಷ್ಟೂ ಗಟ್ಟಿಯಿಲ್ಲ. ಕೀ ತೆಳುವಾದಷ್ಟೂ ಕಷ್ಟ ಜಾಸ್ತಿ. ಆಪಲ್ 2015ರಲ್ಲಿ ತಂದ ‘ಬಟರ್‌ಫ್ಲೈ’ ಕೀಬೋರ್ಡಿನಲ್ಲಿ ಕೀಗಳು ಅಂಟಿಕೊಳ್ಳುತ್ತವೆ ಎಂಬ ದೂರು ಎಷ್ಟು ಬಂತೆಂದರೆ, 2018ರಲ್ಲಿ ಉಚಿತ ರಿಪೇರಿ ಘೋಷಿಸಬೇಕಾಯಿತು, 2019ರಿಂದ ಮತ್ತೆ ಕತ್ತರಿ ಜೋಡಣೆಗೇ ಮರಳಿದರು. ಲ್ಯಾಪ್‌ಟಾಪ್ ಮೇಲೆ ಏನಾದರೂ ಚೆಲ್ಲಿದರೆ ಚಾರ್ಜರ್ ಕಿತ್ತು, ಪವರ್ ಬಟನ್ ಒತ್ತಿ ಹಿಡಿದು ಆರಿಸಿ, ಗುಡಾರದ ಹಾಗೆ ಮಗುಚಿಟ್ಟು ರಿಪೇರಿಯವರಿಗೆ ಕೊಡಿ. ಸರಿಯಿದೆಯಾ ನೋಡೋಣ ಎಂದು ಆನ್ ಮಾಡಬೇಡಿ. ಕೀಬೋರ್ಡಿನ ಕೆಳಗೇ ಬೋರ್ಡು, ಬ್ಯಾಟರಿ ಇವೆ.

ನಿಮ್ಮದು 400–500 ರೂಪಾಯಿಯ ಕೀಬೋರ್ಡಾದರೆ, ಹಾಳೆ ಬಿಚ್ಚುವ ತನಕ ಹೋಗುವುದು ಸುಮ್ನೆ ಹಠಕ್ಕೆ, ಉಳಿತಾಯಕ್ಕಲ್ಲ. ಕೀ ಕಿತ್ತು ನೀರಿನಲ್ಲಿ ಒರೆಸುವುದನ್ನಂತೂ ಮಾಡಿ, ಒಂದು ಸಂಜೆಯ ಕೆಲಸ. ಶಿಫ್ಟ್‌ನ ತಂತಿ ಕೂರಿಸುವಾಗ ಸಿಕ್ಕಿಬಿದ್ದರೆ ಫೋಟೋ ಹಾಕಿ, ನೋಡಿ ಹೇಳುತ್ತೇನೆ.