ಓದುಗರ ಪ್ರಶ್ನೆ: ಬೋನನ್ನು ಕಟ್ಟಿಹಾಕುವುದು ಚಳಿಯಲ್ಲ, ನೀರು

ಪ್ರಶ್ನೆ: ಕೆಲಸದ ನಿಮಿತ್ತ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಸಣ್ಣ ಊರೊಂದರಲ್ಲಿ ನೆಲೆಸಿದ್ದೇನೆ. ನೆರೆಮನೆಯವರು ಕುರಿ ಸಾಕುತ್ತಾರೆ. ಪರವಾನಗಿ ಪಡೆದು ಕಯೋಟಿಗಳಿಗೆ (ತೋಳದ ಬಳಗದ, ಅದಕ್ಕಿಂತ ಚಿಕ್ಕ ಕಾಡುಪ್ರಾಣಿ) ಕಾಲು ಹಿಡಿಯುವ ಉಕ್ಕಿನ ಬೋನು ಇಡುತ್ತಾರೆ. ಅಕ್ಟೋಬರ್‌ನಲ್ಲಿ ಸರಿಯಾಗಿದ್ದ ಬೋನುಗಳು ನೆಲ ಹೆಪ್ಪುಗಟ್ಟಿದ ಮೇಲೆ ಕೆಲಸವನ್ನೇ ಮಾಡುತ್ತಿಲ್ಲ. ಪ್ರಾಣಿ ಬೋನಿನ ಮೇಲೆಯೇ ಹೆಜ್ಜೆ ಇಟ್ಟು ಹೋದ ಗುರುತಿದೆ, ಬೋನು ಮಾತ್ರ ಹಾಗೆಯೇ ಇದೆ. ಚಳಿಗೆ ಸ್ಪ್ರಿಂಗ್ ಸತ್ತುಹೋಗುತ್ತದೆಯೇ? ಮಣ್ಣಿಗೆ ಉಪ್ಪು ಬೆರೆಸಿ ನೋಡಿದರು, ಬೋನೆಲ್ಲ ತುಕ್ಕು ಹಿಡಿಯಿತು.

ಉತ್ತರ: ಸ್ಪ್ರಿಂಗ್ ನಿರಪರಾಧಿ. ಅದರ ಬಲ ಆ ಚಳಿಗೆ ಗಮನಕ್ಕೆ ಬರುವಷ್ಟು ಕುಂದುವುದಿಲ್ಲ. ನಿಮ್ಮ ನೆರೆಯವರು ಈಗ ಎಡವಿರುವ ಜಾಗದಲ್ಲಿ ನಾನೂ ಎಡವಿದ್ದೆ. ಕಯೋಟಿಗಳಿಗೆ ರೇಡಿಯೋ ಕೊರಳಪಟ್ಟಿ ಕಟ್ಟಿ ಬಿಡುವ ಸಂಶೋಧನಾ ತಂಡದಲ್ಲಿ, ಅದೇ ಹುಲ್ಲುಗಾವಲು ಸೀಮೆಯಲ್ಲಿ ನಾಲ್ಕು ವರ್ಷ ಕಳೆದೆ. ಮೊದಲ ವರ್ಷದ ನವೆಂಬರ್‌ನ ಒಂದು ಬೆಳಿಗ್ಗೆ, ಪ್ರಾಣಿ ಮೆಟ್ಟಿದರೆ ಕೆಳಗಿಳಿದು ಬೋನನ್ನು ಸಿಡಿಸುವ ತಟ್ಟೆಯ ನೇರ ಮೇಲೆ ಮೂಡಿದ್ದ ಹೆಜ್ಜೆಯ ಮುಂದೆ ಮಂಡಿಯೂರಿ ಕುಳಿತು ನಾನೇ ಕೋಲಿನಿಂದ ಒತ್ತಿದೆ. ಏನೂ ಆಗಲಿಲ್ಲ. ಬಲವಾಗಿ ಎಳೆದಾಗ ಮಣ್ಣು, ಕಾಲನ್ನು ಕಚ್ಚಿ ಹಿಡಿಯುವ ದವಡೆ, ಸ್ಪ್ರಿಂಗ್, ತಟ್ಟೆ ಎಲ್ಲವೂ ಒಂದೇ ಹಲಗೆಯಾಗಿ ಎದ್ದು ಬಂದವು. ಬೋನು ಕೆಟ್ಟಿರಲಿಲ್ಲ. ಅದನ್ನು ಮುಚ್ಚಿದ್ದ ಮಣ್ಣಿನಲ್ಲಿದ್ದ ನೀರು ಅದನ್ನು ಎರಕ ಹೊಯ್ದಿತ್ತು.

ಮರಳಾಗಲಿ ಮಣ್ಣಾಗಲಿ, ಪೂರ್ತಿ ಒಣಗಿದ್ದರೆ ಎಂಥ ಚಳಿಯಲ್ಲಿಯೂ ಗಟ್ಟಿಯಾಗುವುದಿಲ್ಲ. ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೂ ಬೆರಳ ಸಂದಿಯಿಂದ ಉದುರುತ್ತದೆ. ಕಣಗಳನ್ನು ಬೆಸೆಯುವುದು ಅವುಗಳ ನಡುವಿನ ನೀರು. ಸಾಲದೆಂಬಂತೆ ಆ ನೀರು ಇದ್ದಲ್ಲೇ ಇರುವುದೂ ಇಲ್ಲ. 1929–30ರಲ್ಲಿ ಅಮೆರಿಕದ ಭೂವಿಜ್ಞಾನಿ ಸ್ಟೀಫನ್ ಟೇಬರ್ ತಮ್ಮ ಪ್ರಯೋಗಗಳನ್ನು ಪ್ರಕಟಿಸುವವರೆಗೆ, ನೀರು ಮಂಜುಗಡ್ಡೆಯಾಗುವಾಗ ಶೇಕಡ 9ರಷ್ಟು ಹಿಗ್ಗುವುದರಿಂದಲೇ ಚಳಿಗಾಲದಲ್ಲಿ ನೆಲ ಉಬ್ಬುತ್ತದೆ ಎಂಬ ನಂಬಿಕೆ ಬಲವಾಗಿತ್ತು. ಟೇಬರ್ ಮಣ್ಣಿಗೆ ನೀರಿನ ಬದಲು ಬೆಂಜೀನ್ ಸೇರಿಸಿ ಹೆಪ್ಪುಗಟ್ಟಿಸಿದರು. ಬೆಂಜೀನ್ ಹೆಪ್ಪುಗಟ್ಟುವಾಗ ಕುಗ್ಗುತ್ತದೆ. ಆದರೂ ಮಣ್ಣು ಉಬ್ಬಿತು. ಹೆಪ್ಪುಗಟ್ಟುತ್ತಿರುವ ಪದರ ಕೆಳಗಿನ ತೇವವನ್ನು ತನ್ನತ್ತ ಹೀರಿಕೊಳ್ಳುತ್ತಲೇ ಬೆಳೆಯುತ್ತದೆ ಎಂಬುದು ಅದರಿಂದ ಗೊತ್ತಾಯಿತು. ನುಣುಪಾದ ಮೆಕ್ಕಲು ಮಣ್ಣಿನಲ್ಲಿ ಇದರ ಕಾಟ ಹೆಚ್ಚು, ದಪ್ಪ ಮರಳಿನಲ್ಲಿ ತೀರಾ ಕಡಿಮೆ. ಹಾಗಾಗಿ ಸಂಜೆ ಕೈಗೆ ಒಣಗಿದಂತೆ ತೋರಿದ ಮಣ್ಣು ಬೆಳಗಾಗುವುದರೊಳಗೆ ಕೆಳಗಿನಿಂದ ತೇವ ಎಳೆದುಕೊಂಡು ಬೋನನ್ನು ಕಚ್ಚಿ ಹಿಡಿದಿರುತ್ತದೆ.

ಆದ್ದರಿಂದ ಚಳಿಗಾಲದ ಕೆಲಸ ಆರಂಭವಾಗಬೇಕಾದದ್ದು ಬೇಸಿಗೆಯಲ್ಲಿ. ನಮಗೆ ಈ ವಿದ್ಯೆ ಕಲಿಸಿದ ಹಿರಿಯ ಬೇಟೆಗಾರರೊಬ್ಬರು ಆಗಸ್ಟ್ ತಿಂಗಳಲ್ಲಿ ಹಳೆಯ ಕೊಟ್ಟಿಗೆಯ ಸೂರಿನಡಿಯಿಂದ ಮಣ್ಣು ತೆಗೆದು, ಜರಡಿ ಹಿಡಿದು, ಬಿಸಿಲಿಗೆ ಹರಡಿ, ಮುಚ್ಚಳವಿರುವ ಬಕೆಟ್ಟುಗಳಲ್ಲಿ ತುಂಬಿಡುತ್ತಿದ್ದರು. ಬರೀ ಒಣಮಣ್ಣು ಕಡುಚಳಿಯ ದಿನಗಳಿಗೆ ಸಾಕು. ಆದರೆ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ದಿನಗಳು ಬಂದರೆ ಸಾಲದು, ಏಕೆಂದರೆ ಮೇಲಿನ ಹಿಮ ಕರಗಿ ಅದರೊಳಕ್ಕೆ ಇಳಿಯುತ್ತದೆ. ಹೊಸಬರು ಕಡುಚಳಿಗೆ ಹೆದರುತ್ತಾರೆ. ನನ್ನ ಅನುಭವದಲ್ಲಿ ಬೋನಿಗೆ ನಿಜವಾದ ಶತ್ರು ಮಧ್ಯಾಹ್ನದ ಎಳೆಬಿಸಿಲು.

ಅದಕ್ಕೆ ಮೇಣದ ಮಣ್ಣು ಬೇಕು. ಒಣಗಿದ ಮರಳುಮಿಶ್ರಿತ ಮಣ್ಣಿಗೆ ಪ್ಯಾರಾಫಿನ್ ಮೇಣದ ಹರಳುಗಳನ್ನು ಬೆರೆಸಿ, ಕಪ್ಪು ಪ್ಲಾಸ್ಟಿಕ್ ಹಾಳೆಯ ಮೇಲೆ ಉರಿಬಿಸಿಲಿನಲ್ಲಿ ಹರಡಿ, ಸಲಿಕೆಯಿಂದ ಮತ್ತೆ ಮತ್ತೆ ಮಗುಚಬೇಕು. ಮೇಣ ಕರಗಿ ಒಂದೊಂದು ಕಣಕ್ಕೂ ತೆಳುವಾಗಿ ಸವರಿಕೊಳ್ಳುತ್ತದೆ. ಆಮೇಲೆ ನೀರು ಅಂಟುವುದಿಲ್ಲ. ಒಲೆಯ ಮೇಲೆ ಮಾಡುವವರೂ ಇದ್ದಾರೆ, ಆದರೆ ಮೇಣ ಬೆಂಕಿ ಹಿಡಿಯುವ ವಸ್ತು. ಹೊಗೆಯಾಡುವಷ್ಟು ಕಾಯಿಸಿದರೆ ಮಣ್ಣಿಗೆ ಕಮಟು ವಾಸನೆಯೂ ಹತ್ತುತ್ತದೆ, ಅದನ್ನು ಕಯೋಟಿಯ ಮೂಗು ದೂರದಿಂದಲೇ ಹಿಡಿಯುತ್ತದೆ. ಬಿಸಿಲೇ ಸಾಕು. ಕೈಯಲ್ಲಿ ಹಿಡಿದು ಹಿಸುಕಿದರೆ ಮುದ್ದೆಯಾಗದೆ ಉದುರಬೇಕು. ಮುದ್ದೆಯಾದರೆ ಮೇಣ ಹೆಚ್ಚಾಯಿತು.

ಇನ್ನು ಬೋನು ಕೂರಿಸುವ ಬಗೆ. ಇಲ್ಲಿ ಹೆಚ್ಚಿನವರು ಮಾಡುವ ತಪ್ಪೆಂದರೆ ಮೇಣದ ಮಣ್ಣನ್ನು ಮೇಲೆ ಮಾತ್ರ ಉದುರಿಸುವುದು. ಗುಂಡಿ ಜೇಡಿಮಣ್ಣಿನದಾಗಿದ್ದರೆ ಅದು ಬಟ್ಟಲಿನಂತೆ ನೀರು ಹಿಡಿದಿಡುತ್ತದೆ, ಬೋನು ಅಡಿಯಿಂದಲೇ ಹೆಪ್ಪುಗಟ್ಟುತ್ತದೆ. ಗುಂಡಿಯನ್ನು ಬೇಕಾದ್ದಕ್ಕಿಂತ ನಾಲ್ಕು ಬೆರಳು ಆಳ ಮಾಡಿ, ತಳಕ್ಕೂ ಅದೇ ಮಣ್ಣು ಹಾಕಿ, ಅದರ ಮೇಲೆ ಬೋನನ್ನು ಅಲುಗಾಡದಂತೆ ಕೂರಿಸಿ, ಸುತ್ತ ಒತ್ತಿ ತುಂಬಬೇಕು. ದವಡೆಯ ಅಂಚಿನ ಮೇಲೆ ಕಾಲಿಟ್ಟಾಗ ಬೋನು ಎದ್ದಾಡಿದರೆ ಆ ಪ್ರಾಣಿ ಮುಂದೆ ವರ್ಷಗಟ್ಟಲೆ ಎಚ್ಚರವಾಗಿರುತ್ತದೆ. ತಟ್ಟೆಯ ಅಡಿಗೆ ಮಣ್ಣು ನುಗ್ಗದಂತೆ ಕಿಟಕಿಗೆ ಹಾಕುವ ಸೊಳ್ಳೆಜಾಲರಿಯ ತುಂಡನ್ನೋ ಮೇಣದ ಕಾಗದವನ್ನೋ ತಟ್ಟೆಯ ಮೇಲೆ ಹಾಸಿ. ತಟ್ಟೆಯಡಿ ಸಿಕ್ಕಿಕೊಂಡ ಒಂದು ಹೆಪ್ಪುಗಟ್ಟಿದ ಹೆಂಟೆ ಸಾಕು, ಅದು ಕೆಳಗಿಳಿಯುವುದಿಲ್ಲ. ಗುಂಡಿಗಳನ್ನೂ ನೆಲ ಮೆತ್ತಗಿರುವಾಗಲೇ ತೋಡಿ ಒಣ ಹೊಟ್ಟು ತುಂಬಿಟ್ಟರೆ ಡಿಸೆಂಬರ್‌ನಲ್ಲಿ ಕೊಡಲಿಯಿಂದ ನೆಲ ಕಡಿಯುವ ಪಾಡು ತಪ್ಪುತ್ತದೆ. ಕಡಿದ ಸದ್ದಿಗಿಂತ, ಸುತ್ತ ಚೆಲ್ಲಿದ ಹಸಿಮಣ್ಣಿನ ಹೆಂಟೆಗಳು ಜಾಗವನ್ನು ಹೆಚ್ಚು ಬಯಲು ಮಾಡುತ್ತವೆ.

ಉಪ್ಪಿನ ವಿಷಯಕ್ಕೆ ಬರೋಣ. ಅಡುಗೆ ಉಪ್ಪಿನ ದ್ರಾವಣ ಸೊನ್ನೆಗಿಂತ ಸುಮಾರು 21 ಡಿಗ್ರಿ ಕೆಳಗಿನವರೆಗೂ ದ್ರವವಾಗಿರಬಲ್ಲದು, ಆದರೆ ಅದು ಗಾಢವಾಗಿದ್ದಾಗ ಮಾತ್ರ. ಹಿಮ ಕರಗಿ ಸೇರಿ ತೆಳುವಾದರೆ ಮತ್ತೆ ಹೆಪ್ಪು. ಕ್ಯಾಲ್ಸಿಯಂ ಕ್ಲೋರೈಡ್ ಇನ್ನೂ ಕೆಳಗಿನ ಉಷ್ಣತೆ ತಡೆಯುತ್ತದೆ, ಆದರೆ ಗಾಳಿಯ ತೇವವನ್ನೇ ಎಳೆದುಕೊಂಡು ನೆಲವನ್ನು ರಾಡಿ ಮಾಡುತ್ತದೆ. ಎರಡೂ ಉಕ್ಕನ್ನು ತಿನ್ನುತ್ತವೆ. ತುಕ್ಕು ಹಿಡಿದ ಕೀಲು ಚಳಿಯಷ್ಟೇ ಕೆಟ್ಟದು. ವಾಹನಗಳ ರೇಡಿಯೇಟರ್‌ಗೆ ಹಾಕುವ ದ್ರವ ಸುರಿಯಬಹುದಲ್ಲ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಅದರಲ್ಲಿ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್ ಇರುತ್ತದೆ. ಅದು ಸಿಹಿ, ನಾಯಿ ಬೆಕ್ಕುಗಳು ನೆಕ್ಕುತ್ತವೆ, ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಪ್ರೊಪಿಲೀನ್ ಗ್ಲೈಕಾಲ್ ಅಷ್ಟು ಅಪಾಯಕಾರಿಯಲ್ಲ, ಬೇಟೆಗಾರರಲ್ಲಿ ಕೆಲವರು ಬಳಸುತ್ತಾರೆ. ಮೇಣದ ಮಣ್ಣು ಇರುವಾಗ ನಮಗೆ ಅದೂ ಬೇಕೆನಿಸಲಿಲ್ಲ.

ಜಾಗವೂ ಮುಖ್ಯ. ದಟ್ಟ ಹಿಮ ನೆಲಕ್ಕೆ ಕಂಬಳಿ ಇದ್ದಂತೆ. ಅದರಡಿಯ ಮಣ್ಣು ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಗಾಳಿ ಹಿಮವನ್ನು ಗುಡಿಸಿಕೊಂಡು ಹೋಗುವ ದಿಬ್ಬದಲ್ಲಿ ನೆಲ ಆಳದವರೆಗೆ ಗಟ್ಟಿಯಾಗುತ್ತದೆ, ಆದರೂ ಬೋನಿಗೆ ಅದೇ ವಾಸಿ: ಮೇಲೆ ಬಿದ್ದದ್ದು ನಿಲ್ಲುವುದಿಲ್ಲ, ಕರಗಿ ಇಳಿಯುವ ನೀರೂ ಕಡಿಮೆ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಹಗಲೆಲ್ಲ ಕರಗುತ್ತದೆ, ಅದನ್ನು ಬಿಡಿ. ಬೋನನ್ನು ನೆಲಕ್ಕೆ ಕಟ್ಟಿ ನಿಲ್ಲಿಸುವ ಗೂಟದ ಬಗ್ಗೆ ಒಂದೇ ಮಾತು: ಡಿಸೆಂಬರ್‌ನಲ್ಲಿ ಬಡಿದಿಳಿಸಿದ ಗೂಟ ವಸಂತದವರೆಗೆ ಕೈಗೆ ಬರುವುದಿಲ್ಲ. ಹಾಗೆಂದು ಗಿಡ್ಡ ಗೂಟಕ್ಕೆ ಇಳಿಯಬೇಡಿ. ನೆಲ ಸಡಿಲವಾದ ಒಂದೇ ಮಧ್ಯಾಹ್ನದಲ್ಲಿ ಪ್ರಾಣಿ ಅದನ್ನು ಕಿತ್ತು, ಕಾಲಿನಲ್ಲಿ ಉಕ್ಕು ಹೊತ್ತುಕೊಂಡು ಓಡಿಹೋದರೆ ಅದರ ಸಾವು ವಾರಗಟ್ಟಲೆ ನಡೆಯುತ್ತದೆ.

ಪ್ರಶ್ನೆ: ಇಷ್ಟು ಕಷ್ಟಪಟ್ಟು ಚಳಿಗಾಲದಲ್ಲಿಯೇ ಏಕೆ ಹಿಡಿಯಬೇಕು? ಬೇಸಿಗೆಯಲ್ಲಿ ಸುಲಭವಲ್ಲವೇ?

ಉತ್ತರ: ತುಪ್ಪಳಕ್ಕಾಗಿ ಹಿಡಿಯುವವರಿಗೆ ಬೇಸಿಗೆಯ ಚರ್ಮ ನಿಷ್ಪ್ರಯೋಜಕ. ಹೊಸ ಕೂದಲು ಬೆಳೆಯುತ್ತಿರುವಾಗ ಚರ್ಮದ ಒಳಮೈ ಬಣ್ಣದ ಕಣಗಳಿಂದ ನೀಲಿಗಪ್ಪಾಗಿರುತ್ತದೆ. ಬೆಳವಣಿಗೆ ಮುಗಿದಾಗ ಆ ಬಣ್ಣ ಕೂದಲಿಗೆ ಸೇರಿ ಒಳಮೈ ಕೆನೆಬಣ್ಣಕ್ಕೆ ತಿರುಗುತ್ತದೆ, ವ್ಯಾಪಾರಿಗಳು ಮೊದಲು ನೋಡುವುದೇ ಅದನ್ನು. ಅಲ್ಲದೆ ಬೇಸಿಗೆಯಲ್ಲಿ ಮರಿಗಳು ತಾಯಿಯನ್ನು ನಂಬಿರುತ್ತವೆ.

ಪ್ರಶ್ನೆ: ಬೋನು ಕೆಲಸ ಮಾಡುವಂತೆ ಮಾಡುವುದನ್ನೇ ಹೇಳುತ್ತೀರಿ. ಕೊರೆಯುವ ಚಳಿಯಲ್ಲಿ ಸಿಕ್ಕಿಬಿದ್ದ ಪ್ರಾಣಿಯ ಗತಿ ಏನು? ಯುರೋಪಿನಲ್ಲಿ ನಿಷೇಧವಿದೆಯಂತಲ್ಲ?

ಉತ್ತರ: ಈ ಪ್ರಶ್ನೆ ಬರೆದದ್ದಕ್ಕೆ ನಿಮಗೆ ಋಣಿ. ಮೊದಲ ಉತ್ತರಕ್ಕಿಂತ ಇದನ್ನು ಬರೆಯುವಾಗ ನನಗೆ ಹೆಚ್ಚು ಹೊತ್ತು ಹಿಡಿಯಿತು.

ಹಿಮದ ಮೇಲೆ ಬರಿಗಾಲಿನಲ್ಲಿ ನಡೆಯುವ ಪ್ರಾಣಿಯ ಪಂಜ ಹೆಪ್ಪುಗಟ್ಟದಿರುವುದು ರಕ್ತದ ಹರಿವಿನಿಂದ. 1972ರಲ್ಲಿ ಹೆನ್‌ಷಾ ಮತ್ತು ಸಂಗಡಿಗರು ಆರ್ಕ್ಟಿಕ್ ನರಿ ಹಾಗೂ ತೋಳಗಳ ಪಾದವನ್ನು ಸೊನ್ನೆಗಿಂತ 35 ಡಿಗ್ರಿ ಕೆಳಗಿನ ದ್ರವದಲ್ಲಿಟ್ಟು ಅಳೆದರು. ಅಂಗಾಲು ಸೊನ್ನೆಗಿಂತ ಸುಮಾರು ಒಂದು ಡಿಗ್ರಿ ಕೆಳಗೆ, ಅಂದರೆ ಅಂಗಾಂಶ ಹೆಪ್ಪುಗಟ್ಟುವ ಅಂಚಿಗೆ ತುಸು ಮೇಲೆ, ಸ್ಥಿರವಾಗಿ ನಿಂತಿತ್ತು. ದೇಹ ಅಷ್ಟೇ ಬೆಚ್ಚನೆಯ ರಕ್ತವನ್ನು ಅಳೆದು ಕಳಿಸುತ್ತದೆ. ಬೋನಿನ ದವಡೆ ಒತ್ತುವುದು ಆ ದಾರಿಯನ್ನೇ. ರಕ್ತ ಕಡಿಮೆಯಾದ ಪಂಜ ಮೂಳೆ ಮುರಿಯದೆಯೂ, ಚರ್ಮ ಹರಿಯದೆಯೂ ಹೆಪ್ಪುಗಟ್ಟಬಹುದು. ಬಿಡಿಸಿ ಕಳಿಸುವಾಗ ಸರಿಯಾಗಿಯೇ ಕಂಡ ಕಾಲು ದಿನಗಳ ನಂತರ ಕೊಳೆಯುತ್ತದೆ.

ನಮ್ಮ ಎರಡನೆಯ ವರ್ಷದಲ್ಲಿ ಹೀಗೆ ಆಯಿತು. ಹವಾಮಾನ ವರದಿ ಹೇಳಿದ್ದಕ್ಕಿಂತ ಆ ರಾತ್ರಿ ಚಳಿ ಬಹಳ ಇಳಿಯಿತು. ಬೆಳಿಗ್ಗೆ ಸಿಕ್ಕ ಹೆಣ್ಣು ಕಯೋಟಿಗೆ ಕೊರಳಪಟ್ಟಿ ಕಟ್ಟಿ ಬಿಟ್ಟೆವು. ಎಂಟು ದಿನಗಳ ಮೇಲೆ ಅದರ ಸಂಕೇತ ಒಂದೇ ಜಾಗದಿಂದ ಬರತೊಡಗಿದಾಗ ಹೋಗಿ ನೋಡಿದೆವು. ಮುಂಗಾಲಿನ ಎರಡು ಬೆರಳು ಕಪ್ಪಾಗಿದ್ದವು. ಅದರ ಸಾವಿಗೆ ಅದೇ ಕಾರಣವೆಂದು ಹೇಳಲು ಬೇರೆ ಪುರಾವೆ ಇರಲಿಲ್ಲ, ಆದರೆ ನನ್ನ ಮನಸ್ಸಿಗೆ ಬೇರೆ ಪುರಾವೆ ಬೇಕಾಗಲಿಲ್ಲ. ಅಂದಿನಿಂದ ನಮ್ಮ ತಂಡದ ನಿಯಮ ಬದಲಾಯಿತು: ರಾತ್ರಿ ಸೊನ್ನೆಗಿಂತ ಏಳು ಡಿಗ್ರಿ ಕೆಳಗೆ ಇಳಿಯುವ ಸೂಚನೆಯಿದ್ದರೆ ಸಂಜೆಯೇ ಎಲ್ಲ ಬೋನುಗಳ ದವಡೆಯನ್ನೂ ಮುಚ್ಚಿ ಏನೂ ಸಿಕ್ಕದಂತೆ ಮಾಡುವುದು, ಉಳಿದ ರಾತ್ರಿಗಳ ನಂತರ ಬೆಳಕು ಹರಿಯುವ ಮೊದಲೇ ಹೊರಡುವುದು.

ಕಾನೂನಿನ ಮಾತು ಹೇಳುವುದಾದರೆ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥ ಬೋನು 1958ರಿಂದಲೇ ನಿಷಿದ್ಧ. ಯುರೋಪಿಯನ್ ಒಕ್ಕೂಟ 1991ರಲ್ಲಿ ನಿಯಮ ಮಾಡಿ 1995ರಿಂದ ತನ್ನ ನೆಲದಲ್ಲಿ ನಿಷೇಧಿಸಿತು. ಅದರ ಒತ್ತಡದಿಂದ 1997ರಲ್ಲಿ ಒಕ್ಕೂಟ, ಕೆನಡಾ, ರಷ್ಯಾ ಸೇರಿ 19 ಜಾತಿಯ ಪ್ರಾಣಿಗಳಿಗೆ ಬೋನಿನ ಮಾನದಂಡಗಳನ್ನು ಒಪ್ಪಿಕೊಂಡವು. ಕಯೋಟಿಯೂ ಆ ಪಟ್ಟಿಯಲ್ಲಿದೆ. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಹಲವೆಡೆ 24 ಗಂಟೆಗೊಮ್ಮೆ ಬೋನು ನೋಡಲೇಬೇಕು, ಐಡಹೋದಲ್ಲಿ 72 ಗಂಟೆಯವರೆಗೂ ಬಿಡಬಹುದು. ಹೆಪ್ಪುಗಟ್ಟುವ ಚಳಿಯಲ್ಲಿ 72 ಗಂಟೆ ಎಂಬುದನ್ನು ಒಪ್ಪಲು ನನ್ನಿಂದ ಸಾಧ್ಯವಿಲ್ಲ, ಕಾನೂನು ಒಪ್ಪಿದರೂ ಸರಿ.

ಆದ್ದರಿಂದ ಮೊದಲ ಪ್ರಶ್ನೆ ಕೇಳಿದವರು ನೆರೆಯವರಿಗೆ ಇಷ್ಟನ್ನೂ ತಿಳಿಸಲಿ. ಮೇಣದ ಮಣ್ಣು ಅಕ್ಟೋಬರ್ ಕೊನೆ, ನವೆಂಬರ್‌ನ ಕರಗಿ ಹೆಪ್ಪುಗಟ್ಟುವ ದಿನಗಳಿಗೆ ಮತ್ತು ಮಾರ್ಚ್‌ಗೆ. ಜನವರಿಯಲ್ಲಿ ಕಾಲು ಹಿಡಿಯುವ ಬೋನುಗಳನ್ನು ಕೊಟ್ಟಿಗೆಯ ಮೊಳೆಗೆ ತೂಗುಹಾಕಲಿ. ಕಡುಚಳಿಯ ಆ ದಿನಗಳಲ್ಲಿ ಕುರಿಗಳನ್ನು ಕಾಯಲು ಗ್ರೇಟ್ ಪಿರನೀಸ್ ಜಾತಿಯ ಎರಡು ಕಾವಲು ನಾಯಿಗಳು, ವಿದ್ಯುತ್ ಬೇಲಿ, ಮರಿ ಹಾಕುವ ಕುರಿಗಳಿಗೆ ರಾತ್ರಿ ಮುಚ್ಚಿದ ಕೊಟ್ಟಿಗೆ, ಇಷ್ಟಿದ್ದರೆ ಕಯೋಟಿಗಳ ಕಾಟ ಬಹುಮಟ್ಟಿಗೆ ತಗ್ಗುತ್ತದೆ. ನಾಯಿಗಳನ್ನು ತರುವ ದಿನ ಹಿಂಡಿನ ಸುತ್ತ ಒಂದೂ ಬೋನು ತೆರೆದಿಲ್ಲವೆಂದು ಎಣಿಸಿ ನೋಡಿಕೊಳ್ಳಲಿ.