ಓದುಗರ ಪ್ರಶ್ನೆ: ಹೈಸ್ಕೂಲಿನಲ್ಲೇ ಸರ್ಟಿಫಿಕೇಶನ್, ಯಾವುದು ಬೇಕು? ಯಾವಾಗ ಬೇಕು?

ಅಮೆರಿಕದ ಹೈಸ್ಕೂಲುಗಳಲ್ಲಿ ಸಿಟಿಇ, ಅಂದರೆ ವೃತ್ತಿ ಮತ್ತು ತಾಂತ್ರಿಕ ಶಿಕ್ಷಣ ಆರಿಸಿಕೊಂಡ ಮಕ್ಕಳು ಪಾಠದ ಜೊತೆಗೇ ಉದ್ಯಮದ ಸರ್ಟಿಫಿಕೇಶನ್ ಪರೀಕ್ಷೆಗಳನ್ನೂ ಬರೆಯುತ್ತಾರೆ. ಅಲ್ಲಿರುವ ಕನ್ನಡಿಗ ಪಾಲಕರು, ವಿದ್ಯಾರ್ಥಿಗಳು ಈ ಬಗ್ಗೆ ಕಳಿಸಿದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರ.

ಪ್ರ: ಮಗಳು ಈಗ ಒಂಬತ್ತನೇ ತರಗತಿ. ಶಾಲೆಯವರು ಉದ್ದನೆಯ ಪಟ್ಟಿ ಕೊಟ್ಟು ‘ಎಷ್ಟು ಬೇಕಾದರೂ ಮಾಡಿ’ ಅಂದಿದ್ದಾರೆ. ಹೆಚ್ಚು ಮಾಡಿದಷ್ಟೂ ಒಳ್ಳೆಯದಲ್ಲವೇ?
– ಒಬ್ಬ ತಾಯಿ, ಟೆಕ್ಸಾಸ್

ಉ: ಅಲ್ಲ. ಆ ಪಟ್ಟಿ ಯಾರಿಗಾಗಿ ತಯಾರಾದದ್ದು ಎಂದು ಮೊದಲು ತಿಳಿದುಕೊಳ್ಳಿ. ಟೆಕ್ಸಾಸ್‌ನಲ್ಲಿ ರಾಜ್ಯ ಒಪ್ಪಿದ ಸರ್ಟಿಫಿಕೇಶನ್ ಪಡೆದ ಮಕ್ಕಳ ಲೆಕ್ಕ ಶಾಲೆಗೆ ಸಿಗುವ ‘ಎ’ಯಿಂದ ‘ಎಫ್’ವರೆಗಿನ ದರ್ಜೆಗೆ ಸೇರುತ್ತದೆ. ಫ್ಲಾರಿಡಾದಲ್ಲಿ ವೃತ್ತಿ ಶಿಕ್ಷಣಕ್ಕೆಂದು ಬಂದ 2007ರ ಕೇಪ್ ಕಾಯ್ದೆಯಿಂದೀಚೆಗೆ ಇದಕ್ಕೆ ಹಣವೂ ಜೋಡಿಕೊಂಡಿದೆ. ಸಿಟಿಇಗೆ ಕೇಂದ್ರದ ಹಣ ಕೊಡುವ 2018ರ ಪರ್ಕಿನ್ಸ್ 5 ಕಾಯ್ದೆಯೂ ಇಂಥ ಪ್ರಮಾಣಪತ್ರಗಳನ್ನು ಗುಣಮಟ್ಟದ ಒಂದು ಅಳತೆಯಾಗಿ ಬಳಸಲು ರಾಜ್ಯಗಳಿಗೆ ಅವಕಾಶ ಕೊಟ್ಟಿದೆ. ಇದರಲ್ಲಿ ಮೋಸವೇನೂ ಇಲ್ಲ. ಆದರೆ ಶಾಲೆಯ ಲಾಭ ಬೇರೆ, ಮಗಳ ಲಾಭ ಬೇರೆ. ಸುಲಭವಾಗಿ ಪಾಸಾಗುವ, ಕೆಲಸದ ಜಾಗದಲ್ಲಿ ಯಾರೂ ಕೇಳದ ಪರೀಕ್ಷೆಗಳೂ ಪಟ್ಟಿಯಲ್ಲಿ ಜಾಗ ಹಿಡಿದಿರುತ್ತವೆ.

ನಾವು ಕೇಳುವುದು ಒಂದೇ ಪ್ರಶ್ನೆ: ಈ ಕಾಗದವನ್ನು ಬಾಗಿಲಲ್ಲಿ ನಿಂತು ಕೇಳುವವರು ಯಾರು? ಕಾನೂನೇ ಕೇಳುತ್ತದೆ ಎಂದಾದರೆ ಕಣ್ಣು ಮುಚ್ಚಿ ಮಾಡಿಸಿ. ಏಸಿ, ಫ್ರಿಜ್ ರಿಪೇರಿಯಲ್ಲಿ ರೆಫ್ರಿಜರೆಂಟ್ (ತಂಪು ಮಾಡುವ) ಅನಿಲದ ಕೆಲಸಕ್ಕೆ ಕೇಂದ್ರದ ಪರಿಸರ ಸಂಸ್ಥೆಯ ಇಪಿಎ 608 ಕಡ್ಡಾಯ. ಅದರಲ್ಲಿ ಕೋರ್ ಒಂದು, ಟೈಪ್ 1, 2, 3 ಎಂದು ಇನ್ನು ಮೂರು ಭಾಗ. ಪ್ರತಿ ಭಾಗದಲ್ಲಿ 25 ಪ್ರಶ್ನೆ, 18 ಸರಿಯಾಗಬೇಕು. ನಾಲ್ಕೂ ದಾಟಿದರೆ ‘ಯೂನಿವರ್ಸಲ್’. ಒಮ್ಮೆ ಸಿಕ್ಕಿತೆಂದರೆ ಅವಧಿ ಮುಗಿಯುವ ಮಾತೇ ಇಲ್ಲ. ದುಡ್ಡಿಗಾಗಿ ಡ್ರೋನ್ ಹಾರಿಸುವವರಿಗೆ ವಿಮಾನಯಾನ ಇಲಾಖೆ ಎಫ್‌ಎಎಯ ಪಾರ್ಟ್ 107 ಬೇಕು: ವಯಸ್ಸು ಕನಿಷ್ಠ 16, 60 ಪ್ರಶ್ನೆ, ಪಾಸಾಗಲು 70 ಶೇಕಡ, ಎರಡು ವರ್ಷಕ್ಕೊಮ್ಮೆ ಉಚಿತ ಆನ್‌ಲೈನ್ ಮರುತರಬೇತಿ.

ಕಾನೂನು ಕೇಳದಿದ್ದರೂ ಕಂಪನಿಗಳು ಕೇಳುವಂಥವು ಕೆಲವಿವೆ. ಐಟಿಯಲ್ಲಿ ಕಾಂಪ್‌ಟಿಯಾ ಸಂಸ್ಥೆಯ ಎ ಪ್ಲಸ್, ವೆಲ್ಡಿಂಗ್‌ನಲ್ಲಿ ಅಮೆರಿಕನ್ ವೆಲ್ಡಿಂಗ್ ಸೊಸೈಟಿಯ ಎಡಬ್ಲ್ಯುಎಸ್, ವಾಹನ ರಿಪೇರಿಯಲ್ಲಿ ಎಎಸ್‌ಇ. ಇಲ್ಲೊಂದು ಎಚ್ಚರಿಕೆ. ಶಾಲೆಯಲ್ಲಿ ಕೊಡಿಸುವುದು ಎಎಸ್‌ಇಯ ‘ಎಂಟ್ರಿ ಲೆವೆಲ್’. ಅನುಭವ ಬೇಡ, ಎರಡು ವರ್ಷ ಚಾಲ್ತಿಯಲ್ಲಿರುತ್ತದೆ. ಗ್ಯಾರೇಜಿನ ಜಾಹೀರಾತಿನಲ್ಲಿ ‘ಎಎಸ್‌ಇ ಇದ್ದವರು’ ಎಂದಿದ್ದರೆ ಅದು ಸಾಮಾನ್ಯವಾಗಿ ಕೆಲಸದ ಅನುಭವ ಬೇಡುವ ವೃತ್ತಿಪರ ಸರ್ಟಿಫಿಕೇಶನ್. ಹೆಸರು ಒಂದೇ ಎಂದು ಮೋಸಹೋಗಬೇಡಿ.

ಉಳಿದವು ಇದ್ದರೆ ಚೆಂದ, ಇಲ್ಲದಿದ್ದರೆ ನಷ್ಟವಿಲ್ಲ. ಮಗಳು ಸೇರಬೇಕೆಂದಿರುವ ಕೆಲಸಕ್ಕೆ ನಿಮ್ಮ ಸುತ್ತಮುತ್ತ ಬಂದಿರುವ ಹತ್ತು ಜಾಹೀರಾತು ತೆರೆದು, ಪಟ್ಟಿಯಲ್ಲಿರುವ ಯಾವ ಹೆಸರು ಎಷ್ಟು ಸಲ ಕಾಣುತ್ತದೆ ಎಂದು ಗುರುತು ಹಾಕಿ. ಅರ್ಧ ಗಂಟೆಯ ಕೆಲಸ. ನಾಲ್ಕು ವರ್ಷದಲ್ಲಿ ಒಂದೆರಡು ಗಟ್ಟಿ ಸರ್ಟಿಫಿಕೇಶನ್ ಸಾಕು. ಶುಲ್ಕ ಕಟ್ಟುವ ಮುನ್ನ ಶಾಲೆಯನ್ನು ಕೇಳಿ: ಪರ್ಕಿನ್ಸ್ ಹಣವನ್ನು ಪರೀಕ್ಷಾ ಶುಲ್ಕಕ್ಕೆ ಬಳಸಬಹುದು, ಹಲವು ಜಿಲ್ಲೆಗಳು ಬಳಸುತ್ತವೆ ಕೂಡ.

ಪ್ರ: ಮಗ ಎ ಪ್ಲಸ್‌ನ ಮೊದಲ ಪರೀಕ್ಷೆ ಪಾಸಾಗಿದ್ದಾನೆ. ಎರಡನೆಯದನ್ನು ಮುಂದಿನ ವರ್ಷ ನಿಧಾನವಾಗಿ ಬರೆದರೆ ಆದೀತೇ?
– ಒಬ್ಬ ಓದುಗರು, ನಾರ್ತ್ ಕೆರೊಲಿನಾ

ಉ: ಮೊದಲು ಪರೀಕ್ಷೆಯ ಸಂಖ್ಯೆ ನೋಡಿ. ಎರಡೂ ಪರೀಕ್ಷೆ ಒಂದೇ ಸರಣಿಯವಾಗಿದ್ದರೆ ಮಾತ್ರ ಸರ್ಟಿಫಿಕೇಶನ್. 220-1101 ಬರೆದವರು 220-1102 ಬರೆಯಬೇಕಿತ್ತು. 2025ರ ಮಾರ್ಚಿನಲ್ಲಿ 220-1201, 220-1202 ಬಂದು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಹಳೆಯ ಜೋಡಿ ನಿಂತುಹೋಯಿತು. ಹಳೆಯದರಲ್ಲಿ ಒಂದೇ ಪಾಸಾಗಿ ಉಳಿದವರು ಹೊಸ ಜೋಡಿಯನ್ನು ಮೊದಲಿನಿಂದ ಬರೆಯಬೇಕು. ನಿಮ್ಮ ಮಗ ಬರೆದದ್ದು 1201 ಆಗಿದ್ದರೆ ಗಾಬರಿಯಿಲ್ಲ. ಆದರೂ ಬೇಸಿಗೆ ರಜೆ ದಾಟಿಸಬೇಡಿ. ಒಂದೇ ಪರೀಕ್ಷೆ ಪಾಸಾದವನ ಕೈಗೆ ಯಾವ ಸರ್ಟಿಫಿಕೇಶನ್ನೂ ಬರುವುದಿಲ್ಲ. ಓದಿದ್ದು ಮಾತ್ರ ಮರೆತುಹೋಗುತ್ತದೆ.

ಪ್ರತಿ ಪರೀಕ್ಷೆ 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ. ಅಂಕ 100ರಿಂದ 900ರ ಅಳತೆಯಲ್ಲಿ. ಮೊದಲನೆಯದಕ್ಕೆ 675, ಎರಡನೆಯದಕ್ಕೆ 700 ಬೇಕು. ಹುಡುಗರು ಎಡವುವುದು ಸಾಮಾನ್ಯವಾಗಿ ಆರಂಭದಲ್ಲೇ ಬರುವ ಪ್ರಾಯೋಗಿಕ ಪ್ರಶ್ನೆಗಳಲ್ಲಿ. ಕೇಬಲ್ ಜೋಡಿಸು, ವೈಫೈ ಸೆಟ್ ಮಾಡು ಎಂಬಂಥವಕ್ಕೆ ಅರ್ಧ ಹೊತ್ತು ಕಳೆದು, ಸುಲಭದ ಬಹುಆಯ್ಕೆ ಪ್ರಶ್ನೆಗಳಿಗೆ ಸಮಯ ಸಾಲದೆ ಹೋಗುತ್ತದೆ. ಗುರುತು ಹಾಕಿ ಮುಂದೆ ಹೋಗಿ, ಕೊನೆಗೆ ಮರಳಿ ಬರಲಿ. ಫೇಲಾದರೆ ಎರಡನೇ ಪ್ರಯತ್ನಕ್ಕೆ ಕಾಯಬೇಕಿಲ್ಲ, ಮೂರನೆಯದಕ್ಕೆ 14 ದಿನ ಕಾಯಬೇಕು, ಪ್ರತಿ ಸಲವೂ ಶುಲ್ಕ ಕಟ್ಟಬೇಕು.

ಇನ್ನೊಂದು ಲೆಕ್ಕ: ಎ ಪ್ಲಸ್‌ನ ಆಯುಷ್ಯ ಮೂರು ವರ್ಷ. ಹತ್ತನೇ ತರಗತಿಯಲ್ಲಿ ಪಡೆದದ್ದು ಶಾಲೆ ಮುಗಿದು ಒಂದು ವರ್ಷಕ್ಕೇ ಹಳತಾಗುತ್ತದೆ. ಹನ್ನೊಂದರ ಕೊನೆ ಅಥವಾ ಹನ್ನೆರಡನೆಯದೇ ಸರಿಯಾದ ಹೊತ್ತು. ಆಮೇಲೆ ಅದೇ ಸಂಸ್ಥೆಯ ಮೇಲಿನ ಹಂತದ ನೆಟ್‌ವರ್ಕ್ ಪ್ಲಸ್ ಅಥವಾ ಸೆಕ್ಯುರಿಟಿ ಪ್ಲಸ್ ಪಾಸಾದರೆ ಎ ಪ್ಲಸ್ ಕೂಡ ನವೀಕರಣವಾಗುತ್ತದೆ.

ಪ್ರ: ನನ್ನ 3ಜಿ (ನೆಟ್ಟಗೆ ನಿಲ್ಲಿಸಿದ ಪ್ಲೇಟಿನ) ವೆಲ್ಡ್ ನೋಡಲು ಚೆನ್ನಾಗಿರುತ್ತದೆ, ಬಗ್ಗಿಸಿ ನೋಡುವ ಬೆಂಡ್ ಟೆಸ್ಟಿನಲ್ಲಿ ಬಾಯಿಬಿಡುತ್ತದೆ. ಎಲ್ಲಿ ತಪ್ಪುತ್ತಿದೆ?
– ಹನ್ನೆರಡನೇ ತರಗತಿ ವಿದ್ಯಾರ್ಥಿ, ಒಹಾಯೊ

ಉ: ಯಾವ ಕಡೆ ಬಾಯಿಬಿಟ್ಟಿತು ಎಂದು ನೋಡಿದರೆ ಅರ್ಧ ಉತ್ತರ ಸಿಕ್ಕಂತೆ. 3/8 ಇಂಚಿನ ಪ್ಲೇಟಿನಿಂದ ಎರಡು ತುಂಡು ಕತ್ತರಿಸಿ, ಒಂದನ್ನು ರೂಟ್ (ಬೆಸುಗೆಯ ತಳ) ಹೊರಗೆ ಬರುವಂತೆ, ಇನ್ನೊಂದನ್ನು ಫೇಸ್ (ಬೆಸುಗೆಯ ಮೇಲ್ಮೈ) ಹೊರಗೆ ಬರುವಂತೆ ಬಗ್ಗಿಸುತ್ತಾರೆ.

ರೂಟ್ ತುಂಡು ಸೀಳಿದರೆ ಮೊದಲ ಪಾಸ್ (ಬೆಸುಗೆಯ ಪದರ) ಸಂದಿನ ಕೆಳಗಿಟ್ಟ ಬ್ಯಾಕಿಂಗ್ ಪಟ್ಟಿಯ ಎರಡೂ ಮೂಲೆಗೆ ಕರಗಿ ಕೂತಿಲ್ಲ ಎಂದರ್ಥ. 45 ಡಿಗ್ರಿ ಗ್ರೂವ್, 1/4 ಇಂಚು ರೂಟ್ ಅಂತರ ಎಂದಿರುವಲ್ಲಿ ಟ್ಯಾಕ್ (ಹಿಡಿದಿಡುವ ಚುಕ್ಕೆ ಬೆಸುಗೆ) ಹಾಕುವಾಗಲೇ ಪ್ಲೇಟುಗಳು ಎಳೆದುಕೊಂಡು ಅಂತರ ಕಿರಿದಾಗುತ್ತದೆ, ಆಮೇಲೆ ರಾಡ್ ಒಳಗೆ ಇಳಿಯುವುದಿಲ್ಲ. ಟ್ಯಾಕ್ ಆದಮೇಲೆ ಮತ್ತೊಮ್ಮೆ ಅಳೆಯಿರಿ. ಬ್ಯಾಕಿಂಗ್ ಪಟ್ಟಿ ಪ್ಲೇಟಿಗೆ ಒತ್ತಿ ಕೂತಿದೆಯೇ ನೋಡಿ. ಸಂದು ಉಳಿದರೆ ಸ್ಲ್ಯಾಗ್ (ಬೆಸುಗೆಯ ಕಿಟ್ಟ) ಅಲ್ಲಿಗೇ ಓಡುತ್ತದೆ. ಕರೆಂಟ್ ಕಡಿಮೆಯಿಟ್ಟು ಬೀಡನ್ನು ಅಂದವಾಗಿಸುವ ಆಸೆಯೂ ಒಂದು ಕಾರಣ. ಕಣ್ಣಿಗೆ ಚೆಂದ, ಒಳಗೆ ಬೆಸುಗೆಯೇ ಇಲ್ಲ.

ಫೇಸ್ ತುಂಡು ಸೀಳಿದರೆ ಪಾಸುಗಳ ನಡುವೆ ಸ್ಲ್ಯಾಗ್ ಉಳಿದಿರುತ್ತದೆ. ಬ್ರಷ್ ಸಾಲದು, ಪ್ರತಿ ಪಾಸಿನ ಅಂಚಿನ ಕಂದಕವನ್ನು ಚಿಪ್ಪಿಂಗ್ ಹ್ಯಾಮರಿನಿಂದ ಬಡಿದು, ಬೇಕಾದರೆ ಗ್ರೈಂಡ್ ಮಾಡಿ. ಸಣ್ಣ ಸಣ್ಣ ತೂತು ಕಂಡರೆ ರಾಡ್ ತೇವ ಕುಡಿದಿರಬಹುದು. 7018 ರಾಡನ್ನು ಒಲೆಯಲ್ಲಿ 250 ಡಿಗ್ರಿ ಫ್ಯಾರನ್‌ಹೀಟ್‌ಗೆ ಕಡಿಮೆಯಿಲ್ಲದೆ ಇಡಬೇಕು. ಹೊರತೆಗೆದ ಸಾಮಾನ್ಯ 7018ಕ್ಕೆ ಎಡಬ್ಲ್ಯುಎಸ್‌ನ ಉಕ್ಕಿನ ಬೆಸುಗೆಯ ನಿಯಮಾವಳಿ ಡಿ1.1 ಕೋಡ್ ಕೊಡುವ ಗಡುವು 4 ಗಂಟೆ. ಬೆಳಿಗ್ಗೆ ಬೆಂಚಿನ ಮೇಲಿಟ್ಟ ರಾಡಿನಲ್ಲಿ ಸಂಜೆ ಪರೀಕ್ಷೆ ಕೊಡಬೇಡಿ. ಮಿಗ್ ಬಳಸುವವರು ಶಾರ್ಟ್ ಸರ್ಕ್ಯೂಟ್ ವಿಧಾನದಲ್ಲಿ ಇಂಥ ಪ್ಲೇಟ್ ಬೆಸೆದರೆ ಲೋಹ ಮೇಲೆ ಹರಡಿ ಕೂರುತ್ತದೆಯೇ ಹೊರತು ಕರಗಿ ಸೇರುವುದಿಲ್ಲ.

ಬೆಸುಗೆ ಸರಿಯಿದ್ದೂ ತುಂಡಿನ ತಯಾರಿಯಲ್ಲಿ ಕೆಡಿಸಿಕೊಳ್ಳುವವರೇ ಬಹಳ. ಬ್ಯಾಕಿಂಗ್ ಪಟ್ಟಿಯನ್ನೂ ಉಬ್ಬನ್ನೂ ಪ್ಲೇಟಿನ ಮಟ್ಟಕ್ಕೆ ತೆಗೆಯಿರಿ. ಗ್ರೈಂಡರಿನ ಗೀರು ತುಂಡಿನ ಉದ್ದಕ್ಕೆ ಇರಬೇಕು. ಅಡ್ಡ ಗೀರು ಬಿದ್ದರೆ ಬಗ್ಗುವಾಗ ಬಿರುಕು ಅಲ್ಲಿಂದಲೇ ಶುರು. ಅಂಚುಗಳನ್ನು 1/8 ಇಂಚು ಮೀರದಂತೆ ದುಂಡಗೆ ಮಾಡಿ. ಬಿಸಿ ತುಂಡನ್ನು ನೀರಿಗೆ ಅದ್ದಲೇಬೇಡಿ, ಗಡುಸಾಗಿ ಒಡೆಯುತ್ತದೆ.

ಬಗ್ಗಿದ ಮೇಲೆ, ತುಂಡಿನ ಮೂಲೆಯಲ್ಲಿ ಬೀಳುವುದನ್ನು ಬಿಟ್ಟು, ಕಾಣುವ ಯಾವ ಬಿರುಕೂ 1/8 ಇಂಚು ಮೀರುವಂತಿಲ್ಲ; 1/32 ಇಂಚಿಗಿಂತ ದೊಡ್ಡವನ್ನೆಲ್ಲ ಕೂಡಿಸಿದರೆ 3/8 ಇಂಚಿನೊಳಗಿರಬೇಕು. ಅಂದರೆ ಸಣ್ಣದೊಂದು ಬಾಯಿ ಕಂಡ ಕೂಡಲೇ ತುಂಡನ್ನು ಎಸೆಯಬೇಡಿ, ಮೊದಲು ಅಳೆಯಿರಿ.

ಪಾಸಾದಾಗ ಈ 3/8 ಪ್ಲೇಟ್ ನಿಮಗೆ 1/8ರಿಂದ 3/4 ಇಂಚು ದಪ್ಪದವರೆಗೆ ಅರ್ಹತೆ ಕೊಡುತ್ತದೆ. 3ಜಿಯಲ್ಲಿ ಓವರ್‌ಹೆಡ್ (ತಲೆಯ ಮೇಲಿನ ಬೆಸುಗೆ) ಸೇರಿಲ್ಲ, ಅದಕ್ಕಾಗಿ 4ಜಿ ಪರೀಕ್ಷೆಯನ್ನೂ ಕೊಟ್ಟುಬಿಡಿ. ಆರು ತಿಂಗಳಿಗಿಂತ ಹೆಚ್ಚು ಕಾಲ ಆ ವಿಧಾನದಲ್ಲಿ ಬೆಸುಗೆ ಹಾಕದಿದ್ದರೆ ಅರ್ಹತೆ ಬಿದ್ದುಹೋಗುತ್ತದೆ. ಹಾಗಾಗಿ ಕೊನೆಯ ವರ್ಷದ ವಸಂತದಲ್ಲಿ, ಕೆಲಸಕ್ಕೆ ಸೇರುವುದಕ್ಕೆ ಹತ್ತಿರವಾಗಿ ಪರೀಕ್ಷೆ ಇಟ್ಟುಕೊಳ್ಳಿ.

ಪ್ರ: ಓಷಾ 10 ಕಾರ್ಡ್ ಇದ್ದರೆ ಮಗನಿಗೆ ರಜೆಯಲ್ಲಿ ಗೋದಾಮಿನ ಫೋರ್ಕ್‌ಲಿಫ್ಟ್ ಕೆಲಸ ಸಿಗುತ್ತದೆಯೇ? ವಯಸ್ಸು 16.
– ಒಬ್ಬ ತಂದೆ, ಜಾರ್ಜಿಯಾ

ಉ: ಸಿಗುವುದಿಲ್ಲ. ಕೃಷಿ ಬಿಟ್ಟು ಬೇರೆ ಕೆಲಸದಲ್ಲಿ 18 ತುಂಬದವರು ಫೋರ್ಕ್‌ಲಿಫ್ಟ್ ಓಡಿಸುವುದನ್ನು ಕೇಂದ್ರದ ಬಾಲಕಾರ್ಮಿಕ ಕಾನೂನು ನಿಷೇಧಿಸಿದೆ. ಶಾಲೆಯಲ್ಲಿ ಫೋರ್ಕ್‌ಲಿಫ್ಟ್ ತರಬೇತಿ ಆಗಿದ್ದರೂ, 18 ಆದಮೇಲೆ ಕೆಲಸ ಕೊಟ್ಟವರೇ ಅವನನ್ನು ತಮ್ಮ ಜಾಗದಲ್ಲಿ ಪರೀಕ್ಷಿಸಿ ಪ್ರಮಾಣೀಕರಿಸಬೇಕು.

ಓಷಾ 10 ಸರ್ಟಿಫಿಕೇಶನ್ ಅಲ್ಲ, ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಓಷಾದ ಹತ್ತು ಗಂಟೆಯ ಸುರಕ್ಷತಾ ಪರಿಚಯ. ದಿನಕ್ಕೆ ಏಳೂವರೆ ಗಂಟೆಗಿಂತ ಹೆಚ್ಚು ಪಾಠ ಮಾಡುವಂತಿಲ್ಲವಾದ್ದರಿಂದ ಕನಿಷ್ಠ ಎರಡು ದಿನ ಬೇಕು. ‘ಒಂದೇ ದಿನದಲ್ಲಿ ಕಾರ್ಡ್’ ಎಂದವರನ್ನು ನಂಬಬೇಡಿ. ಕಟ್ಟಡ ಕೆಲಸದ್ದು ಬೇರೆ, ಸಾಮಾನ್ಯ ಉದ್ಯಮದ್ದು ಬೇರೆ, ಗೋದಾಮಿಗೆ ಎರಡನೆಯದು. ಕಾರ್ಡ್ 90 ದಿನದೊಳಗೆ ಕೈಸೇರಬೇಕು. ಕಳೆದುಹೋದರೆ ಐದು ವರ್ಷದೊಳಗೆ, ಪಾಠ ಮಾಡಿದ ತರಬೇತುದಾರರ ಮೂಲಕವೇ ಕೇಳಬೇಕು. ಅವರ ಹೆಸರನ್ನು ಬರೆದಿಟ್ಟುಕೊಳ್ಳಿ.

ಪ್ರ: ಸಿಎನ್‌ಎ (ಶುಶ್ರೂಷಾ ಸಹಾಯಕಿ) ಲಿಖಿತ ಪರೀಕ್ಷೆ ಪಾಸಾಯಿತು, ಸ್ಕಿಲ್ಸ್ ಪರೀಕ್ಷೆಯಲ್ಲಿ ಫೇಲ್. ಎಲ್ಲವನ್ನೂ ಮಾಡಿದ್ದೆ.
– ಒಬ್ಬ ವಿದ್ಯಾರ್ಥಿನಿ, ವರ್ಜೀನಿಯಾ

ಉ: ‘ಎಲ್ಲವನ್ನೂ’ ಅನ್ನುವಲ್ಲೇ ಒಂದು ನಿರ್ಣಾಯಕ ಹಂತ ಬಿಟ್ಟುಹೋಗಿರಬೇಕು. ಪ್ರತಿ ಕೌಶಲದಲ್ಲೂ ಅಂಥ ಹಂತಗಳಿರುತ್ತವೆ. ಉಳಿದದ್ದೆಲ್ಲ ಸರಿಯಿದ್ದು ಅದೊಂದು ತಪ್ಪಿದರೂ ಆ ಕೌಶಲ ಹೋಯಿತು. ಹೆಚ್ಚಾಗಿ ತಪ್ಪುವಂಥವು ಇವು: ಕೈ ತೊಳೆಯುವಾಗ ಕನಿಷ್ಠ 20 ಸೆಕೆಂಡು ಉಜ್ಜದಿರುವುದು, ತೊಳೆದ ಕೈಯಿಂದಲೇ ನಲ್ಲಿ ಮುಟ್ಟಿ ನಿಲ್ಲಿಸುವುದು, ಗಾಲಿಕುರ್ಚಿಯ ಬ್ರೇಕ್ ಹಾಕುವ ಮುನ್ನ ರೋಗಿಯನ್ನು ಎಬ್ಬಿಸುವುದು, ಹೊರಡುವಾಗ ಕರೆಗಂಟೆಯನ್ನು ಅವರ ಕೈಗೆಟುಕುವಂತೆ ಇಡದಿರುವುದು. ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿ. 30 ಸೆಕೆಂಡು ಎಣಿಸಿ ದುಪ್ಪಟ್ಟು ಮಾಡಿದರೆ ಒಂದು ಬಡಿತದ ತಪ್ಪು ಎರಡಾಗುತ್ತದೆ. ಮೂತ್ರದ ಅಳತೆಪಾತ್ರೆಯನ್ನು ಕೈಯಲ್ಲಿ ಎತ್ತಿ ಓದಬೇಡಿ, ಸಮತಟ್ಟಾದ ಜಾಗದಲ್ಲಿಟ್ಟು ಕಣ್ಣನ್ನು ಅದರ ಮಟ್ಟಕ್ಕೆ ತನ್ನಿ.

ನಿಮ್ಮ ರಾಜ್ಯದ ಪರೀಕ್ಷಾ ಕೈಪಿಡಿಯಲ್ಲಿ ಹಂತಗಳೆಲ್ಲ ಅಚ್ಚಾಗಿರುತ್ತವೆ. ಅದನ್ನು ಒಬ್ಬರ ಕೈಗೆ ಕೊಟ್ಟು, ನೀವು ಮಾಡುತ್ತಿದ್ದಂತೆ ಗುರುತು ಹಾಕಲು ಹೇಳಿ. ನಿಮಗೆ ಕೇಂದ್ರದ ನಿಯಮದಂತೆ ಕನಿಷ್ಠ ಮೂರು ಅವಕಾಶವಿದೆ. ಪಾಸಾದ ಮೇಲೆ ಸತತ 24 ತಿಂಗಳು ಸಂಬಳದ ಶುಶ್ರೂಷಾ ಕೆಲಸ ಮಾಡದಿದ್ದರೆ ಮತ್ತೆ ತರಬೇತಿ, ಮತ್ತೆ ಪರೀಕ್ಷೆ. ಕಾಲೇಜಿಗೆ ಹೋಗುವವರು ವಾರಾಂತ್ಯದ ಪಾಳಿಯನ್ನಾದರೂ ಉಳಿಸಿಕೊಳ್ಳುವುದು ಒಳ್ಳೆಯದು.

ಪ್ರ: ಮಗನಿಗೆ ಶಾಲೆಯಲ್ಲಿ ಐಇಪಿ (ವಿಶೇಷ ಶಿಕ್ಷಣದ ವೈಯಕ್ತಿಕ ಯೋಜನೆ) ಇದೆ, ಹೆಚ್ಚಿನ ಸಮಯ ಕೊಡುತ್ತಾರೆ. ಸರ್ಟಿಫಿಕೇಶನ್‌ನಲ್ಲೂ ಸಿಗುತ್ತದೆಯೇ? ಪಾಸ್‌ಪೋರ್ಟಿನಲ್ಲಿ ಅವನಿಗೆ ಒಂದೇ ಹೆಸರಿದೆ, ಅದರಿಂದ ತೊಂದರೆಯಾದೀತೇ?
– ಒಬ್ಬ ಓದುಗರು, ನ್ಯೂಜೆರ್ಸಿ

ಉ: ಸಿಗುತ್ತದೆ, ಆದರೆ ತಾನಾಗಿ ಅಲ್ಲ. ಐಇಪಿ ಶಾಲೆಯ ಬಾಗಿಲವರೆಗೆ ಮಾತ್ರ. ಪರೀಕ್ಷೆ ನಡೆಸುವ ಸಂಸ್ಥೆಗೆ ಐಇಪಿಯ ಪ್ರತಿ ಜೋಡಿಸಿ ಬೇರೆಯೇ ಅರ್ಜಿ ಹಾಕಬೇಕು. ವಾರಗಟ್ಟಲೆ ಹಿಡಿಯುತ್ತದೆ. ಒಪ್ಪಿಗೆ ಬಂದಮೇಲೆ ದಿನಾಂಕ ಕಾಯ್ದಿರಿಸಿ. ಮೊದಲೇ ಕಾಯ್ದಿರಿಸಿದ ಸಮಯಕ್ಕೆ ಆಮೇಲೆ ಸೇರಿಸಲು ಸಾಮಾನ್ಯವಾಗಿ ಬರುವುದಿಲ್ಲ.

ಹೆಸರಿನ ಗೋಜಲು ನಮ್ಮವರಲ್ಲಿ ಬಹಳ. ಶಾಲೆಯ ದಾಖಲೆಯಲ್ಲಿ ಅಪ್ಪನ ಹೆಸರು ಕೊನೆಯ ಹೆಸರಾಗಿರುತ್ತದೆ, ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಇರುತ್ತದೆ, ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದಿರುತ್ತದೆ. ಪರೀಕ್ಷಾ ಕೇಂದ್ರದವರು ನೋಡುವುದು ಗುರುತಿನ ಚೀಟಿ ಮತ್ತು ನೋಂದಣಿ ಹೊಂದುತ್ತವೆಯೇ ಎಂಬುದೊಂದನ್ನೇ. ಹೊಂದದಿದ್ದರೆ ಒಳಗೆ ಬಿಡುವುದಿಲ್ಲ, ಶುಲ್ಕವೂ ಹೋಗಬಹುದು. ಆ ದಿನ ತೋರಿಸುವ ಚೀಟಿ ಯಾವುದೆಂದು ಮೊದಲೇ ನಿರ್ಧರಿಸಿ, ಅದರಲ್ಲಿರುವ ಅಕ್ಷರಗಳನ್ನೇ ಖಾತೆ ತೆರೆಯುವಾಗ ಬರೆಯಿರಿ. ಶಾಲೆಯೇ ಮಕ್ಕಳ ಹೆಸರನ್ನು ಒಟ್ಟಾಗಿ ಸೇರಿಸುತ್ತಿದ್ದರೆ ಅದಕ್ಕೂ ಮುನ್ನ ಶಿಕ್ಷಕರಿಗೆ ಚೀಟಿಯ ಪ್ರತಿ ಕೊಟ್ಟುಬಿಡಿ.